ಗಾಳಿ ಬಂದಾಗ ಹೊರಡಬೇಕಾದ ಪ್ರವಾಸ: ಕಡೂರಿನಿಂದ ಕಲ್ಪಿಟಿಯಕ್ಕೆ

ಆಷಾಢದ ಗಾಳಿ ಎಂದರೇನೆಂಬುದನ್ನು ಕಡೂರು, ತರೀಕೆರೆ, ಅಜ್ಜಂಪುರದ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. ಬಾಬಾಬುಡನ್‌ಗಿರಿ ಶ್ರೇಣಿಯ ಆಚೆ ಮಳೆ ಸುರಿಸಿ ಹಗುರಾದ ನೈರುತ್ಯ ಮಾರುತವು ಬಯಲು ಸೀಮೆಗೆ ಇಳಿಯುವಾಗ ಹನಿಗಿಂತ ಬೀಸುವಿಕೆಯೇ ಹೆಚ್ಚು. ಅಜ್ಜಂಪುರದಿಂದ ಹೊಸದುರ್ಗ, ಚಿತ್ರದುರ್ಗಗಳತ್ತ ಸಾಗುವವರಿಗೆ ಗುಡ್ಡಗಳ ನೆತ್ತಿಯಲ್ಲಿ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳು ಇದೇ ಗಾಳಿಯ ಬಲಕ್ಕೆ ಸಾಕ್ಷಿ ನುಡಿಯುತ್ತವೆ.

ಇದೇ ಮಾರುತ ಶ್ರೀಲಂಕೆಯ ವಾಯವ್ಯ ಕರಾವಳಿಯಲ್ಲಿರುವ ಕಲ್ಪಿಟಿಯ ಪರ್ಯಾಯದ್ವೀಪದ ಮೇಲೂ ಬೀಸುತ್ತದೆ. ಅಲ್ಲಿಯೂ ಈ ಅವಧಿಯಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಗಾಳಿಪಟದ ಸೆಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುವ ಕೈಟ್‌ಬೋರ್ಡಿಂಗ್ ಹಾಗೂ ಹಾಯಿ ಕಟ್ಟಿದ ಹಲಗೆಯ ಮೇಲೆ ಸಾಗುವ ವಿಂಡ್‌ಸರ್ಫಿಂಗ್ ಎಂಬ ಎರಡು ಕ್ರೀಡೆಗಳಿಗೆ ಬೇಕಾದದ್ದು ಇಂಥ ಗಾಳಿಯೇ. ಬೆಂಗಳೂರಿನಿಂದ ಸುಮಾರು ಒಂದೂವರೆ ಗಂಟೆಯ ವಿಮಾನಯಾನದ ದೂರದಲ್ಲಿರುವ ಕಾರಣ, ಮೊದಲ ಬಾರಿಗೆ ವಿದೇಶದಲ್ಲಿ ಈ ಕ್ರೀಡೆ ಕಲಿಯಬಯಸುವ ಕನ್ನಡಿಗರಿಗೆ ಕಲ್ಪಿಟಿಯ ಅತ್ಯಂತ ಸಮೀಪದ ತಾಣಗಳಲ್ಲೊಂದು.

ಆದರೆ ಈ ಪ್ರವಾಸದ ಯೋಜನೆ ಇತರ ಪ್ರವಾಸಗಳಂತಲ್ಲ. ರಜೆ ಸಿಕ್ಕಾಗ ಹೊರಟವರು ದಡದಲ್ಲಿ ಕುಳಿತು ನಿಶ್ಚಲ ನೀರನ್ನು ನೋಡಿ ಮರಳಬೇಕಾದೀತು. "ಗಾಳಿ ಬಂದಾಗ ತೂರಿಕೋ" ಎಂಬ ಕಣದ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಮೊದಲು ಗಾಳಿಯ ಪಂಚಾಂಗ, ಆಮೇಲೆ ವಿಮಾನದ ಟಿಕೆಟ್.

ಎರಡು ಕ್ರೀಡೆಗಳ ಪರಿಚಯ

ವಿಂಡ್‌ಸರ್ಫಿಂಗ್ 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಕ್ರೀಡೆ. ಹಲಗೆಯ ಮೇಲೆ ಎಲ್ಲ ದಿಕ್ಕಿಗೂ ಬಾಗುವ ಕೀಲಿನಿಂದ ಜೋಡಿಸಿದ ಹಾಯಿಯನ್ನು ಸವಾರನೇ ಕೈಯಲ್ಲಿ ಹಿಡಿದು ನಡೆಸುತ್ತಾನೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಕೈಟ್‌ಬೋರ್ಡಿಂಗ್ ಇದಕ್ಕಿಂತ ಕಿರಿಯದು. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ, ಗಾಳಿ ತುಂಬಿದ ಅಂಚುಳ್ಳ, ನೀರಿಗೆ ಬಿದ್ದರೂ ಮತ್ತೆ ಮೇಲೇರಬಲ್ಲ ಪಟಕ್ಕೆ ಪೇಟೆಂಟ್ ಕೋರಿದ ಮೇಲೆ ಇದು ಕ್ರಮೇಣ ಬೆಳೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಪದಕ ಸ್ಪರ್ಧೆಯಾಯಿತು. ಸ್ಪರ್ಧೆಗಳು ಮಾರ್ಸೇ ನಗರದ ಕಡಲಿನಲ್ಲಿ ನಡೆದವು.

ಕಲಿಯುವವರ ದೃಷ್ಟಿಯಿಂದ ಇವೆರಡಕ್ಕೂ ಒಂದು ವ್ಯತ್ಯಾಸವಿದೆ. ವಿಂಡ್‌ಸರ್ಫಿಂಗ್‌ನ ಮೊದಲ ಪಾಠಗಳಿಗೆ ಮಂದಗಾಳಿಯೂ ಸಾಕು. ಆರಂಭದಲ್ಲಿ ಸುಲಭವಾದರೂ ನೈಪುಣ್ಯಕ್ಕೆ ದೀರ್ಘಕಾಲ ಹಿಡಿಯುತ್ತದೆ. ಕೈಟ್‌ಬೋರ್ಡಿಂಗ್‌ಗೆ ಕನಿಷ್ಠ 12 ನಾಟ್, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ವೇಗದ ಸ್ಥಿರ ಗಾಳಿ ಬೇಕು. ಆರಂಭದ ದಿನಗಳು ಕಠಿಣ ಹಾಗೂ ಅಪಾಯಕಾರಿ. ಆದ್ದರಿಂದ ಶಿಕ್ಷಕರಿಲ್ಲದೆ ಇದನ್ನು ಕಲಿಯುವಂತಿಲ್ಲ.

ಊರಿನ ಕೆರೆಯಲ್ಲೇ ಏಕಾಗದು?

ಕಡೂರು ತಾಲ್ಲೂಕಿನ ಸಖರಾಯಪಟ್ಟಣ ಸಮೀಪದ ಅಯ್ಯನಕೆರೆಯಾಗಲಿ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯವಾಗಲಿ ವಿಶಾಲ ಜಲರಾಶಿಗಳೇ. ಆಷಾಢದಲ್ಲಿ ಗಾಳಿಗೂ ಕೊರತೆಯಿಲ್ಲ. ಹೀಗಿರುವಾಗ ಪರದೇಶವೇಕೆ ಎಂಬ ಪ್ರಶ್ನೆ ಸಹಜ.

ಉತ್ತರ ಗಾಳಿಯ ಗುಣದಲ್ಲಿದೆ. ಬೆಟ್ಟವನ್ನು ಹಾದು ಬರುವ ಗಾಳಿ ಸಮನಾಗಿ ಬೀಸದು. ಸುಳಿಯುತ್ತದೆ, ಒಮ್ಮೆಲೇ ನುಗ್ಗುತ್ತದೆ, ಮರುಕ್ಷಣ ಸತ್ತುಹೋಗುತ್ತದೆ. ಅಯ್ಯನಕೆರೆಯ ಪಕ್ಕದಲ್ಲೇ ಶಕುನಗಿರಿ ನಿಂತಿದೆ. ಭದ್ರಾ ಹಿನ್ನೀರನ್ನು ಕಾಡುಬೆಟ್ಟಗಳು ಸುತ್ತುವರಿದಿವೆ. ಪಟವನ್ನು ಹಿಡಿದಿರುವ 20ರಿಂದ 24 ಮೀಟರ್ ಉದ್ದದ ದಾರಗಳು ಇಂಥ ಗಾಳಿಯಲ್ಲಿ ಸಡಿಲವಾಗಿ, ಮತ್ತೆ ಹಠಾತ್ತನೆ ಬಿಗಿದರೆ ಸವಾರನನ್ನು ನೆಲಕ್ಕೆ ಅಪ್ಪಳಿಸಬಲ್ಲವು. ದಡದ ಮರ, ವಿದ್ಯುತ್ ತಂತಿ, ನೀರಿನೊಳಗಿನ ಬೊಡ್ಡೆಗಳು ಬೇರೆ. ರಕ್ಷಣಾ ದೋಣಿಯೂ ಇಲ್ಲ. ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿರುವುದರಿಂದ ಅಲ್ಲಿ ಮನಬಂದಂತೆ ಇಳಿಯುವುದೂ ಸಲ್ಲದು.

ಕಡಲ ಮೇಲಿಂದ ಅಡೆತಡೆಯಿಲ್ಲದೆ ಬರುವ ಗಾಳಿ ಸಮನಾಗಿರುತ್ತದೆ. ಕಲ್ಪಿಟಿಯದ ವೈಶಿಷ್ಟ್ಯವೆಂದರೆ ಅಲ್ಲಿನ ಲಗೂನ್: ಕಿರಿದಾದ ಮರಳು ದಿಬ್ಬದ ಮರೆಯಲ್ಲಿ ನಿಂತ, ಆಳವಿಲ್ಲದ ಉಪ್ಪುನೀರಿನ ಸರೋವರ. ಗಾಳಿ ದಿಬ್ಬವನ್ನು ದಾಟಿ ಬರುತ್ತದೆ, ಅಲೆ ಬರುವುದಿಲ್ಲ. ಹಲವೆಡೆ ನೀರು ಸೊಂಟದ ಮಟ್ಟದಲ್ಲಿರುವುದರಿಂದ ಬಿದ್ದವರು ನಿಂತುಕೊಂಡು ಮತ್ತೆ ಯತ್ನಿಸಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಮತ್ತೊಂದಿಲ್ಲ. ಈ ಪರ್ಯಾಯದ್ವೀಪದ ಮಾಂಪುರಿಯಲ್ಲಿ 2010ರಿಂದ ಗಾಳಿ ವಿದ್ಯುತ್ ಸ್ಥಾವರ ಕಾರ್ಯಾರಂಭ ಮಾಡಿದೆ ಎಂಬುದೇ ಗಾಳಿಯ ನಿಯತತೆಗೆ ನಿದರ್ಶನ.

ಗಾಳಿಯ ಪಂಚಾಂಗ

ಕಲ್ಪಿಟಿಯದಲ್ಲಿ ವರ್ಷಕ್ಕೆ ಎರಡು ಗಾಳಿಗಾಲಗಳಿವೆ.

ಮೊದಲನೆಯದು ಮೇ ಮಧ್ಯಭಾಗದಿಂದ ಸೆಪ್ಟೆಂಬರ್ ಅಂತ್ಯದವರೆಗಿನ ನೈರುತ್ಯ ಮಾರುತದ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪ್ರಬಲ. 20 ನಾಟ್ ಮೀರುವ ದಿನಗಳು ಸಾಮಾನ್ಯ. ಎರಡನೆಯದು ಡಿಸೆಂಬರ್ ಮಧ್ಯಭಾಗದಿಂದ ಮಾರ್ಚ್ ಮಧ್ಯಭಾಗದವರೆಗಿನ ಈಶಾನ್ಯ ಮಾರುತದ ಕಾಲ. ಆಗ ಗಾಳಿ ತುಸು ಮೆದು, ನಡುವೆ ಬಿಡುವಿನ ದಿನಗಳೂ ಉಂಟು.

ಈ ಪಂಚಾಂಗವನ್ನು ಕರ್ನಾಟಕದ ರಜಾ ಪಟ್ಟಿಯ ಪಕ್ಕದಲ್ಲಿಟ್ಟರೆ ತೊಡಕು ಗೋಚರಿಸುತ್ತದೆ. ಶಾಲೆಗಳ ಬೇಸಿಗೆ ರಜೆಯ ಏಪ್ರಿಲ್ ತಿಂಗಳು ಎರಡೂ ಕಾಲಗಳ ನಡುವಿನ ನಿರ್ವಾತ. ದಸರಾ ರಜೆಯ ಅಕ್ಟೋಬರ್ ಹೊತ್ತಿಗೆ ಮೊದಲ ಕಾಲ ಮುಗಿಯುತ್ತ ಬಂದಿರುತ್ತದೆ. ಆ ಭಾಗಕ್ಕೆ ಮಳೆಯೂ ಆಗಲೇ. ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳಿಗೆ ಉಳಿಯುವುದು ಮೇ ತಿಂಗಳ ಕೊನೆಯ ವಾರ ಅಥವಾ ಕ್ರಿಸ್‌ಮಸ್ ಆಸುಪಾಸಿನ ದಿನಗಳು.

ಬೇಸಾಯಗಾರ ಕುಟುಂಬಗಳ ಲೆಕ್ಕ ಬೇರೆ. ಜೂನ್, ಜುಲೈ ತಿಂಗಳುಗಳಲ್ಲಿ ಕಡೂರಿನ ರಾಗಿ ಹೊಲವಾಗಲಿ, ಅಜ್ಜಂಪುರದ ಈರುಳ್ಳಿ ಹೊಲವಾಗಲಿ ಒಡೆಯನನ್ನು ಬಿಟ್ಟುಕೊಡವು. ರಾಗಿ ಒಕ್ಕಣೆ, ತರೀಕೆರೆಯ ಅಡಿಕೆ ಕೊಯ್ಲುಗಳ ಒತ್ತಡ ಇಳಿದ ಮೇಲಿನ ಜನವರಿ ಕೊನೆ ಹಾಗೂ ಫೆಬ್ರುವರಿ ಅವರಿಗೆ ಸೂಕ್ತ. ಮೆದು ಗಾಳಿ ಹೊಸಬರಿಗೆ ಹಿತವೂ ಹೌದು. ಆದರೆ ಗಾಳಿಯಿಲ್ಲದ ದಿನಗಳಿಗಾಗಿ ಎರಡು ಮೂರು ದಿನ ಹೆಚ್ಚುವರಿಯಾಗಿ ಇರಿಸಿಕೊಳ್ಳಬೇಕು.

ಹೊರಡುವ ಮುನ್ನ ಊರಿನಲ್ಲೇ ಸಿದ್ಧತೆ

ಈಜು ಮೊದಲ ಅರ್ಹತೆ. ನೀರು ಆಳವಿಲ್ಲ ಎಂಬ ಧೈರ್ಯ ಸಾಲದು. ಪಟ ಎಳೆದೊಯ್ದರೆ ಆಳವಿರುವಲ್ಲಿಗೂ ಹೋಗಬೇಕಾಗುತ್ತದೆ. ಕಡಲಿನ ಪರಿಚಯವೇ ಇಲ್ಲದವರು ಮೂಲ್ಕಿ, ಸಸಿಹಿತ್ಲು ಭಾಗದ ಸರ್ಫಿಂಗ್ ಶಾಲೆಗಳಲ್ಲಿ ಎರಡು ದಿನ ಕಳೆದರೆ ಉಪ್ಪುನೀರು ಮತ್ತು ಹಲಗೆ ಎರಡಕ್ಕೂ ಒಗ್ಗಿಕೊಳ್ಳಬಹುದು.

ಎರಡು ಅಥವಾ ಮೂರು ಚದರ ಮೀಟರ್ ಅಳತೆಯ ಅಭ್ಯಾಸದ ಪಟ ದೊರೆತರೆ, ಕೊಯ್ಲಾದ ಬಯಲು ಹೊಲದಲ್ಲಿ, ವಿದ್ಯುತ್ ತಂತಿಗಳಿಂದ ದೂರದಲ್ಲಿ ಅದನ್ನು ನಿಯಂತ್ರಿಸಲು ಕಲಿಯುವುದು ಪ್ರಯೋಜನಕರ. ತಲೆಯ ನೇರಕ್ಕಿರುವ ಪಟ ಮಂದವಾಗಿ ಎಳೆಯುತ್ತದೆ, ಗಾಳಿ ಹೋಗುವ ದಿಕ್ಕಿಗೆ ತಗ್ಗಿದ ಪಟ ಬಲವಾಗಿ ಎಳೆಯುತ್ತದೆ ಎಂಬ ಮೂಲ ಪಾಠ ಕೈಗೆ ಬಂದರೆ ವಿದೇಶದಲ್ಲಿ ಒಂದು ದಿನದ ಶುಲ್ಕ ಉಳಿದಂತೆ. ಒಮ್ಮೆ ಪರೀಕ್ಷಿಸಿ ನೋಡಿಯೇ ವಿದೇಶಕ್ಕೆ ಹೊರಡಬೇಕೆನ್ನುವವರಿಗೆ ತಮಿಳುನಾಡಿನ ರಾಮೇಶ್ವರದಲ್ಲಿ ತರಬೇತಿ ಲಭ್ಯ. ಅಲ್ಲಿಯೂ ಇವೇ ಎರಡು ಮಾರುತಗಳ ಆಳ್ವಿಕೆ.

ದಾಖಲೆ, ವಿಮೆ

ಪಾಸ್‌ಪೋರ್ಟ್ ಪ್ರವಾಸದ ದಿನದಿಂದ ಕನಿಷ್ಠ ಆರು ತಿಂಗಳು ಊರ್ಜಿತವಿರಬೇಕು. ಹೊಸದಾಗಿ ಪಡೆಯುವವರು ಹಾಸನ, ಶಿವಮೊಗ್ಗ, ದಾವಣಗೆರೆಗಳ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ದಿನ ಗೊತ್ತುಪಡಿಸಿಕೊಳ್ಳಬಹುದು; ಪೊಲೀಸ್ ಪರಿಶೀಲನೆಗೆ ಸಮಯ ಬಿಟ್ಟು ಎರಡು ತಿಂಗಳ ಮೊದಲೇ ಅರ್ಜಿ ಹಾಕುವುದು ಲೇಸು. ಶ್ರೀಲಂಕಾ ಪ್ರವೇಶಕ್ಕೆ ಭಾರತೀಯರು ಇಟಿಎ ಎಂಬ ವಿದ್ಯುನ್ಮಾನ ಅನುಮತಿ ಪಡೆಯುವ ಪದ್ಧತಿಯಿದೆ. ಇದರ ಶುಲ್ಕ ಮತ್ತು ನಿಯಮಗಳು ಇತ್ತೀಚಿನ ವರ್ಷಗಳಲ್ಲಿ ಪದೇಪದೇ ಬದಲಾಗಿರುವುದರಿಂದ, ಟಿಕೆಟ್ ಕೊಳ್ಳುವ ಮುನ್ನ ಆ ದೇಶದ ಅಧಿಕೃತ ಜಾಲತಾಣವನ್ನೇ ನೋಡಬೇಕು.

ವಿಮೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಅನೇಕವು ಸಾಹಸ ಕ್ರೀಡೆಯಲ್ಲಿ ಆದ ಗಾಯಕ್ಕೆ ಪರಿಹಾರ ನೀಡುವುದಿಲ್ಲ. ಪಾಲಿಸಿಯಲ್ಲಿ ಕೈಟ್‌ಬೋರ್ಡಿಂಗ್ ಅಥವಾ ವಿಂಡ್‌ಸರ್ಫಿಂಗ್ ಎಂಬ ಹೆಸರು ಸ್ಪಷ್ಟವಾಗಿ ಸೇರಿದೆಯೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಮುರಿದ ಕಾಲಿನೊಂದಿಗೆ ವಿದೇಶದ ಆಸ್ಪತ್ರೆಯಲ್ಲಿ ಷರತ್ತುಗಳ ಸಣ್ಣ ಅಕ್ಷರ ಓದುವ ಸ್ಥಿತಿ ಯಾರಿಗೂ ಬೇಡ.

ದಾರಿ

ಕಡೂರು ಮತ್ತು ಬೀರೂರು ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲು ಮಾರ್ಗದಲ್ಲಿವೆ. ಅಜ್ಜಂಪುರವೂ ಅದೇ ಮಾರ್ಗದಲ್ಲಿದೆ. ತರೀಕೆರೆ ಬೀರೂರು–ಶಿವಮೊಗ್ಗ ಮಾರ್ಗದಲ್ಲಿದೆ. ಯಶವಂತಪುರದಲ್ಲಿ ಇಳಿದರೆ ನಗರದ ನಡುಭಾಗಕ್ಕೆ ಹೋಗದೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ತಲುಪಬಹುದು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚಿತವಾಗಿ ಹಾಜರಿರಬೇಕಾದ್ದರಿಂದ ಅಂದಿನ ಬೆಳಗಿನ ರೈಲನ್ನೇ ನೆಚ್ಚಿಕೊಳ್ಳುವುದು ವಿವೇಕವಲ್ಲ.

ಕೊಲಂಬೊದ ವಿಮಾನ ನಿಲ್ದಾಣವಿರುವುದು ನಗರದ ಉತ್ತರಕ್ಕಿರುವ ಕಟುನಾಯಕದಲ್ಲಿ. ಕಲ್ಪಿಟಿಯವೂ ಉತ್ತರ ದಿಕ್ಕಿನಲ್ಲೇ ಇರುವುದರಿಂದ ನಗರ ಪ್ರವೇಶಿಸುವ ಅಗತ್ಯವಿಲ್ಲ. ನೆಗೊಂಬೊ, ಚಿಲಾವ್ ಮಾರ್ಗವಾಗಿ ಸಾಗಿ, ಪುತ್ತಳಂಗೆ ಮುನ್ನ ಪಾಲಾವಿಯಲ್ಲಿ ಪರ್ಯಾಯದ್ವೀಪದತ್ತ ತಿರುಗಬೇಕು. ಬಾಡಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆಯ ಹಾದಿ. ಈ ಭಾಗದಲ್ಲಿ ಸಿಂಹಳದೊಡನೆ ತಮಿಳೂ ಬಳಕೆಯಲ್ಲಿದೆ. ತಮಿಳು ಬಲ್ಲವರಿಗೆ ವ್ಯವಹಾರ ಸುಲಭ.

ತರಬೇತಿ ಮತ್ತು ಸಲಕರಣೆ

ಶಾಲೆಯ ಆಯ್ಕೆಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಶಿಕ್ಷಕರಿಗೆ ಐಕೆಒ ಅಥವಾ ವಿಡಿಡಬ್ಲ್ಯುಎಸ್‌ನಂಥ ಮಾನ್ಯ ಸಂಸ್ಥೆಯ ಪ್ರಮಾಣಪತ್ರವಿದೆಯೇ? ಒಬ್ಬ ಶಿಕ್ಷಕನಿಗೆ ಎಷ್ಟು ಮಂದಿ ವಿದ್ಯಾರ್ಥಿಗಳು? ರಕ್ಷಣಾ ದೋಣಿ ಸಿದ್ಧವಿರುತ್ತದೆಯೇ? ಗಾಳಿಯಿಲ್ಲದ ದಿನದ ಶುಲ್ಕ ಹಿಂದಿರುಗುತ್ತದೆಯೇ? ನಾಲ್ಕಕ್ಕೂ ನೇರ ಉತ್ತರ ಕೊಡದ ಶಾಲೆಯನ್ನು ಬಿಡುವುದೇ ಕ್ಷೇಮ.

ಆರಂಭಿಕ ತರಬೇತಿ ಸಾಮಾನ್ಯವಾಗಿ 9ರಿಂದ 12 ಗಂಟೆಗಳದ್ದು. ಮೂರು ನಾಲ್ಕು ದಿನಗಳಲ್ಲಿ ಹಂಚಿರುತ್ತದೆ. ದಡದಲ್ಲಿ ಪಟ ನಿಯಂತ್ರಣ, ಹಲಗೆಯಿಲ್ಲದೆ ನೀರಿನಲ್ಲಿ ಮೈ ಎಳೆಸಿಕೊಂಡು ಸಾಗುವುದು, ಕೊನೆಗೆ ಹಲಗೆಯ ಮೇಲೆ ಏಳುವುದು ಎಂಬುದು ಕ್ರಮ. ಬಹುತೇಕರು ಮೊದಲ ಪ್ರವಾಸದಲ್ಲಿ ಕೆಲವು ನೂರು ಮೀಟರ್ ಸವಾರಿ ಮಾಡಿದರೆ ಅದೇ ಸಾಧನೆ. ಪ್ರಯಾಣಕ್ಕೆ ಎರಡು ದಿನ, ತರಬೇತಿಗೆ ನಾಲ್ಕು ದಿನ, ಗಾಳಿಯ ಬಿಡುವಿಗೆ ಎರಡು ಮೂರು ದಿನ ಎಂದು ಒಟ್ಟು ಎಂಟೊಂಬತ್ತು ದಿನಗಳ ಯೋಜನೆ ಸೂಕ್ತ. ಬಿಡುವಿನ ದಿನಗಳಲ್ಲಿ 17ನೇ ಶತಮಾನದ ಡಚ್ ಕೋಟೆಯ ದರ್ಶನವಾಗುತ್ತದೆ. ಚಳಿಗಾಲದಲ್ಲಿ ಡಾಲ್ಫಿನ್ ವೀಕ್ಷಣೆಯೂ ಸಾಧ್ಯ.

ಹೊಸಬರು ಸಲಕರಣೆ ಕೊಳ್ಳಬಾರದು. ಪಟದ ಅಳತೆ ಸವಾರನ ತೂಕ ಮತ್ತು ಅಂದಿನ ಗಾಳಿಯನ್ನು ಅವಲಂಬಿಸುತ್ತದೆ. 75 ಕಿಲೋ ತೂಕದವರಿಗೆ 16 ನಾಟ್ ಗಾಳಿಯಲ್ಲಿ ಸುಮಾರು 12 ಚದರ ಮೀಟರ್‌ನ ಪಟ, 22 ನಾಟ್‌ನಲ್ಲಿ ಸುಮಾರು 9ರದ್ದು ಬೇಕಾಗುತ್ತದೆ. ಇವೆಲ್ಲವೂ ಶಾಲೆಯಲ್ಲೇ ಬಾಡಿಗೆಗೆ ಸಿಗುವಾಗ ವಿಮಾನದಲ್ಲಿ ಹೊತ್ತೊಯ್ಯುವುದು ದುಬಾರಿ. ತೆಗೆದುಕೊಂಡು ಹೋಗಬೇಕಾದದ್ದು ತುಂಬುತೋಳಿನ ಈಜುಡುಪು, ಬಿಸಿಲಿನ ಲೇಪನ, ಪಟ್ಟಿಯಿರುವ ತಂಪುಕನ್ನಡಕ, ಓಆರ್‌ಎಸ್ ಪೊಟ್ಟಣ ಮತ್ತು ಸೊಳ್ಳೆ ನಿವಾರಕ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕೆಯನ್ನು ಮಲೇರಿಯಾಮುಕ್ತವೆಂದು ಘೋಷಿಸಿದೆಯಾದರೂ ಡೆಂಗಿ ಅಲ್ಲಿ ಉಳಿದಿದೆ.

ಜೀವ ಉಳಿಸುವ ನಿಯಮಗಳು

ಸೊಂಟಪಟ್ಟಿಗೂ ಪಟಕ್ಕೂ ನಡುವೆ ಇರುವ ತುರ್ತು ಬಿಡುಗಡೆ ಕೊಂಡಿಯನ್ನು ಕಣ್ಣುಮುಚ್ಚಿಯೂ ಎಳೆಯಲು ಬರುವವರೆಗೆ ನೀರಿಗಿಳಿಯಬಾರದು. ದಡದಿಂದ ನೇರವಾಗಿ ಕಡಲಿನತ್ತ ಬೀಸುವ ಗಾಳಿಯಲ್ಲಿ ತೆರೆದ ಸಮುದ್ರಕ್ಕೆ ಇಳಿಯಬಾರದು. ಎಡವಿದವರನ್ನು ಅದು ಮರಳಿ ತರುವುದಿಲ್ಲ. ಗುಡುಗು ಕೇಳಿಸಿದರೆ ಪಟ ಇಳಿಸಬೇಕು. ಪಟ ಏರಿಸುವಾಗ ಗಾಳಿ ಹೋಗುವ ದಿಕ್ಕಿನಲ್ಲಿ ಜನ, ಮರ, ಗೋಡೆಗಳು ಇರಬಾರದು. ಶಿರಸ್ತ್ರಾಣ ಮತ್ತು ತೇಲುವ ಕವಚ ಕಡ್ಡಾಯ. ಲಗೂನ್ ಮೀನುಗಾರರ ಜೀವನೋಪಾಯದ ನೆಲೆ. ಅವರ ಬಲೆ, ದೋಣಿಗಳಿಂದ ದೂರ ಸರಿಯುವುದು ಸೌಜನ್ಯವೂ ಹೌದು, ಸುರಕ್ಷತೆಯೂ ಹೌದು.

ಇತರ ತಾಣಗಳು

ಮೊದಲ ಪಾಠ ಮುಗಿಸಿದವರಿಗೆ ದಾರಿಗಳು ಹಲವು. ವಿಯೆಟ್ನಾಮಿನ ಮುಯಿ ನೆ ಮತ್ತು ಫಿಲಿಪ್ಪೀನ್ಸಿನ ಬೊರಾಕಾಯ್‌ಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ. ಮಾರಿಷಸ್‌ನ ಲೆ ಮೋರ್ನ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಪ್ರಶಸ್ತ. ಆದರೆ ಹವಳ ದಿಬ್ಬದ ಹೊರಗಿನ ಅಲೆಗಳು ಪಳಗಿದವರಿಗೆ ಮಾತ್ರ. ಜಾಂಜಿಬಾರ್‌ನ ಪಾಜೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಸಿ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಸ್ಕಾಜಿ ಎಂಬ ಎರಡು ಗಾಳಿಗಳಿವೆ. ಹಿಂದೆ ಹಾಯಿಹಡಗುಗಳು ಇವೇ ಗಾಳಿಗಳನ್ನು ನಂಬಿ ಭಾರತದ ಪಶ್ಚಿಮ ಕರಾವಳಿಗೂ ಆಫ್ರಿಕಕ್ಕೂ ನಡುವೆ ಸಂಚರಿಸುತ್ತಿದ್ದವು.

ಆ ನಾವಿಕರು ಗಾಳಿ ತಿರುಗುವವರೆಗೆ ಬಂದರಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಇಂದಿನ ಪ್ರವಾಸಿಗನಿಗೆ ಎರಡು ಮೂರು ದಿನಗಳ ತಾಳ್ಮೆ ಸಾಕು. ಆ ತಾಳ್ಮೆಯನ್ನು ಯೋಜನೆಯಲ್ಲೇ ಸೇರಿಸಿಕೊಂಡವರಿಗೆ ಹಣವೂ ವ್ಯರ್ಥವಾಗದು, ಗಾಳಿಯಿಲ್ಲದ ಬೇಸರದಲ್ಲಿ ಅಪಾಯಕ್ಕೆ ಕೈಹಾಕುವ ಪ್ರಮೇಯವೂ ಬಾರದು.