ವಿದ್ಯುಚ್ಛಬ್ದವೂ ವಿದ್ಯುಚ್ಛಾಸ್ತ್ರದ ಉದಯಕ್ರಮವೂ

ವಿದ್ಯುತ್ ಎಂಬ ಶಬ್ದವು ಸಂಸ್ಕೃತ ವಾಙ್ಮಯದಲ್ಲಿ ಅತಿ ಪ್ರಾಚೀನವಾದುದು. ದೀಪ್ತ್ಯರ್ಥಕವಾದ ದ್ಯುತ್ ಧಾತುವಿಗೆ ವಿ ಎಂಬ ಉಪಸರ್ಗವು ಸೇರಿ ನಿಷ್ಪನ್ನವಾದ ಈ ಪದಕ್ಕೆ ವಿಶೇಷವಾಗಿ ಹೊಳೆಯುವುದು ಎಂದರ್ಥ. ವೇದಗಳು ಮೊದಲ್ಗೊಂಡು ಮಹಾಕಾವ್ಯಗಳವರೆಗೆ ಇದು ಮೇಘಮಂಡಲದ ಮಿಂಚನ್ನೇ ಬೋಧಿಸುತ್ತದೆ. ಆದರೆ ಕನ್ನಡದ ವಿದ್ಯಾರ್ಥಿಯು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಈ ಶಬ್ದವನ್ನು ಕೇಳುವಾಗ ಅವನ ಮುಂದಿರುವ ವಸ್ತುವು ಬೇರೆ. ರೇಷ್ಮೆಯಿಂದ ಉಜ್ಜಿದ ಗಾಜಿನ ಕಡ್ಡಿಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ಅವನಿಗೆ ತೋರಿಸುತ್ತಾರೆ. ಅನಂತರ ತಾಮ್ರದ ತಂತಿಯೊಂದನ್ನು ತೋರಿಸಿ, ಅದರೊಳಗೆ ಪ್ರವಾಹವು ಹರಿಯುತ್ತಿದೆಯೆಂದು ಹೇಳುತ್ತಾರೆ. ಕಡ್ಡಿಯಲ್ಲಿಯೂ ಹೊಳಪಿಲ್ಲ, ತಂತಿಯಲ್ಲಿಯೂ ಹೊಳಪಿಲ್ಲ. ಹೊಳೆಯದ ವಸ್ತುವಿಗೆ ಹೊಳೆಯುವುದೆಂಬ ಹೆಸರು ಹೇಗೆ ಸಂದಿತೆಂಬ ಪ್ರಶ್ನೆಯು ಕೇವಲ ಶಬ್ದವಿಚಾರವಲ್ಲ. ಆ ಶಾಸ್ತ್ರದ ಚರಿತ್ರೆಯೇ ಅದರೊಳಗೆ ಅಡಗಿದೆ.

ಯೂರೋಪಿನ ಭಾಷೆಗಳಲ್ಲಿ ಇದೇ ವಸ್ತುವನ್ನು ಎಲೆಕ್ಟ್ರಿಸಿಟಿ ಎನ್ನುತ್ತಾರೆ. ಅದರ ಮೂಲವಾದ ಎಲೆಕ್ಟ್ರಾನ್ ಎಂಬ ಗ್ರೀಕ್ ಪದಕ್ಕೆ ತೃಣಮಣಿಯೆಂದು ಅರ್ಥ. ಮರದ ಅಂಟು ಬಹುಕಾಲ ನೆಲದಲ್ಲಿ ಹುದುಗಿ ಗಟ್ಟಿಯಾದ ಈ ಹಳದಿಯ ಮಣಿಯನ್ನು ಉಜ್ಜಿದರೆ ಅದು ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. ಎಂದರೆ, ಯೂರೋಪಿನ ಹೆಸರು ಶಾಸ್ತ್ರವು ಮೊದಲಾದ ಎಡೆಯನ್ನು ತಿಳಿಸುತ್ತದೆ. ಸಂಸ್ಕೃತದಿಂದ ಬಂದ ಹೆಸರಾದರೋ ಉಜ್ಜಿದ ಮಣಿಯಲ್ಲಿರುವುದೂ ಮೇಘದಲ್ಲಿರುವುದೂ ಒಂದೇ ಎಂಬ ನಿರ್ಣಯವನ್ನು ತನ್ನೊಳಗೆ ಇಟ್ಟುಕೊಂಡಿದೆ. ಆ ನಿರ್ಣಯವು ಸಿದ್ಧವಾದುದು ೧೭೫೨ರಲ್ಲಿ. ಅದಕ್ಕೆ ಮುಂಚೆ ಯಾವ ದೇಶದಲ್ಲಿಯೂ ಕಾಗದದ ಚೂರನ್ನು ಸೆಳೆಯುವ ಶಕ್ತಿಗೆ ಮಿಂಚಿನ ಹೆಸರನ್ನಿಡಲು ಆಧಾರವಿರಲಿಲ್ಲ.

ಈ ಭೇದವನ್ನು ಗಮನಿಸದೆ ಹೋದುದರಿಂದ ಎರಡು ಬಗೆಯ ಭ್ರಾಂತಿಗಳು ಹುಟ್ಟಿವೆ. ವೇದದಲ್ಲಿ ವಿದ್ಯುಚ್ಛಬ್ದವಿರುವುದರಿಂದ ವೈದಿಕ ಋಷಿಗಳಿಗೆ ವಿದ್ಯುಚ್ಛಾಸ್ತ್ರವು ತಿಳಿದಿತ್ತೆಂದು ಸಾಧಿಸುವುದು ಮೊದಲನೆಯದು. ವಿದ್ಯುತ್ತೆಂಬುದು ಎಲ್ಲರೂ ಬಲ್ಲ ಒಂದೇ ಪದಾರ್ಥವೆಂದು ಭಾವಿಸಿ, ಅದರ ಏಕತ್ವವನ್ನು ಸಾಧಿಸದೆ ಲಕ್ಷಣವಾಕ್ಯಗಳನ್ನು ಕಂಠಪಾಠ ಮಾಡಿಸುವುದು ಎರಡನೆಯದು. ಮೊದಲನೆಯದರಿಂದ ಚರಿತ್ರೆಗೆ ಹಾನಿ. ಎರಡನೆಯದರಿಂದ ಅಧ್ಯಾಪನಕ್ಕೆ ಹಾನಿ. ಎರಡಕ್ಕೂ ಕಾರಣವು ಒಂದೇ: ಹೆಸರನ್ನು ಜ್ಞಾನವೆಂದು ಎಣಿಸುವುದು.

ಪ್ರಾಚೀನ ಭಾರತೀಯರು ಈ ವಿಷಯದಲ್ಲಿ ನಿಶ್ಚಯವಾಗಿ ಬಲ್ಲದ್ದೇನು? ಅಯಸ್ಕಾಂತವನ್ನು ಅವರು ಚೆನ್ನಾಗಿ ಬಲ್ಲರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ದೇಹದೊಳಗೆ ನೆಟ್ಟ ಶಲ್ಯವನ್ನು ಹೊರಗೆ ತೆಗೆಯುವ ಉಪಾಯಗಳ ನಡುವೆ ಅಯಸ್ಕಾಂತವೂ ಗಣಿತವಾಗಿದೆ. ಕಾಳಿದಾಸನು ಕುಮಾರಸಂಭವದ ಎರಡನೆಯ ಸರ್ಗದಲ್ಲಿ, ಶಿವನ ಮನಸ್ಸನ್ನು ಉಮೆಯ ಚೆಲುವು ಸೆಳೆಯಬೇಕಾದ ಬಗೆಗೆ ಲೋಹವನ್ನು ಸೆಳೆಯುವ ಅಯಸ್ಕಾಂತವನ್ನು ಉಪಮಾನವಾಗಿ ಹಿಡಿದಿದ್ದಾನೆ. ರಸರತ್ನಸಮುಚ್ಚಯವು ಕಾಂತಲೋಹದಲ್ಲಿ ಭ್ರಾಮಕ, ಚುಂಬಕ ಮೊದಲಾದ ಐದು ಭೇದಗಳನ್ನು ಹೇಳುತ್ತದೆ. ಕನ್ನಡದ ಸೂಜಿಗಲ್ಲು ಎಂಬ ಪದವಂತೂ ಒಂದು ಪ್ರಯೋಗವನ್ನೇ ಹೆಸರಾಗಿ ಮಾಡಿಕೊಂಡಿದೆ. ಸೂಜಿಯನ್ನು ಸೆಳೆಯುವ ಕಲ್ಲು ಎಂದು ಕೇಳಿದವನಿಗೆ ಬೇರೊಂದು ಲಕ್ಷಣವಾಕ್ಯವು ಬೇಕಾಗುವುದಿಲ್ಲ.

ಇದೇ ಸೂಜಿಯು ವೈಶೇಷಿಕಸೂತ್ರದ ಐದನೆಯ ಅಧ್ಯಾಯದಲ್ಲಿಯೂ ಬರುತ್ತದೆ. ಮಣಿಯ ಚಲನಕ್ಕೂ ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದಕ್ಕೂ ಅದೃಷ್ಟವೇ ಕಾರಣವೆಂದು ಕಣಾದನ ಮತ. ಹದಿನೈದನೆಯ ಶತಮಾನದ ವ್ಯಾಖ್ಯಾನಕಾರನಾದ ಶಂಕರಮಿಶ್ರನು ತೃಣವು ತೃಣಕಾಂತಮಣಿಯ ಕಡೆಗೆ ಹೋಗುವುದನ್ನೂ ಈ ವರ್ಗಕ್ಕೇ ಸೇರಿಸಿದ್ದಾನೆ. ನೋದನ, ಅಭಿಘಾತ ಮೊದಲಾದ ಕಾಣುವ ಕಾರಣಗಳಾವುವೂ ಇಲ್ಲಿ ಸಲ್ಲದಿರುವುದರಿಂದ ಕಾರಣವು ಕಾಣದೆಂದು ಒಪ್ಪಿಕೊಂಡುದು ಪ್ರಾಮಾಣಿಕವಾದ ನಿಲುವೇ ಸರಿ. ಆದರೆ ತೃಣಮಣಿಯೂ ಅಯಸ್ಕಾಂತವೂ ಅದೃಷ್ಟವೆಂಬ ಒಂದೇ ಕೋಣೆಯಲ್ಲಿ ಸೇರಿಹೋದುವು. ಅವೆರಡರ ನಡುವಣ ಭೇದವೇನೆಂದು ಮುಂದೆ ಯಾರೂ ಕೇಳಲಿಲ್ಲ. ಈ ಸ್ಥಿತಿಯು ಭಾರತಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಗ್ರೀಕರೂ ಎರಡನ್ನೂ ಬಲ್ಲವರಾಗಿದ್ದರು. ಅವರಲ್ಲಿಯೂ ವಿಚಾರವು ಎರಡು ಸಾವಿರ ವರ್ಷಗಳ ಕಾಲ ಬಹುಮಟ್ಟಿಗೆ ಅಲ್ಲಿಯೇ ನಿಂತಿತ್ತು.

ಈ ಶಾಸ್ತ್ರದ ನಿಜವಾದ ಆರಂಭವು ಆ ಎರಡನ್ನೂ ಬೇರ್ಪಡಿಸಿದ ದಿನದಿಂದ. ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಗಿಲ್ಬರ್ಟನು ೧೬೦೦ರಲ್ಲಿ ಅಯಸ್ಕಾಂತವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮೊನೆಯ ಮೇಲೆ ಸರಾಗವಾಗಿ ತಿರುಗುವ ಹಗುರವಾದ ಮುಳ್ಳೊಂದನ್ನು ಮಾಡಿಕೊಂಡು, ಉಜ್ಜಿದ ಒಂದೊಂದು ವಸ್ತುವನ್ನೂ ಅದರ ಬಳಿಗೆ ತಂದು ಪರೀಕ್ಷಿಸಿದನು. ಗಾಜು, ಗಂಧಕ, ಅರಗು, ಹಲವು ರತ್ನಗಳು, ಇವೆಲ್ಲವೂ ತೃಣಮಣಿಯಂತೆಯೇ ಸೆಳೆದುವು. ಅಯಸ್ಕಾಂತವನ್ನು ಉಜ್ಜಬೇಕಾಗಿಲ್ಲ, ಅದು ಕಬ್ಬಿಣವನ್ನೇ ಹೊರತು ಹುಲ್ಲನ್ನು ಸೆಳೆಯುವುದಿಲ್ಲ, ನಡುವೆ ಕಾಗದವನ್ನೋ ಬಟ್ಟೆಯನ್ನೋ ಅಡ್ಡವಿಟ್ಟರೂ ಅದರ ಬಲವು ಕುಂದುವುದಿಲ್ಲ. ತೃಣಮಣಿಯನ್ನಾದರೋ ಉಜ್ಜಲೇಬೇಕು, ಅದು ಹಗುರವಾದುದೆಲ್ಲವನ್ನೂ ಸೆಳೆಯುತ್ತದೆ, ತೆರೆಯೂ ತೇವವೂ ಅದರ ಬಲವನ್ನು ಕೆಡಿಸುತ್ತವೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂಬ ಸಿದ್ಧಾಂತವೂ ಆ ಗ್ರಂಥದ್ದೇ.

ಮುಂದಿನ ಹೆಜ್ಜೆಯು ತರ್ಕವನ್ನು ಓದಿದವರಿಗೆ ವಿಶೇಷ ಸಂತೋಷವನ್ನು ಕೊಡತಕ್ಕದ್ದು. ಬಟ್ಟೆಗೆ ಬಣ್ಣ ಹಾಕುವ ವೃತ್ತಿಯ ಸ್ಟೀಫನ್ ಗ್ರೇ ಎಂಬ ಆಂಗ್ಲೇಯನು ಗಾಜಿನ ಕೊಳವೆಯೊಂದನ್ನು ಉಜ್ಜಿದಾಗ, ಅದರ ತುದಿಗೆ ಹಾಕಿದ್ದ ಬಿರಡೆಯೂ ಗರಿಯನ್ನು ಸೆಳೆದುದನ್ನು ಕಂಡನು. ಉಜ್ಜದ ಬಿರಡೆಗೆ ಆ ಗುಣವು ಬಂದುದೆಂತು? ಬಿರಡೆಗೆ ಕಡ್ಡಿಯನ್ನು ಚುಚ್ಚಿ, ಕಡ್ಡಿಗೆ ದಂತದ ಗುಂಡನ್ನು ಸಿಕ್ಕಿಸಿ, ಕೊನೆಗೆ ಉದ್ದವಾದ ಸೆಣಬಿನ ದಾರವನ್ನು ಕಟ್ಟಿ ನೋಡಿದನು. ಗುಣವು ದೂರದ ತುದಿಗೂ ಹರಿಯಿತು. ೧೭೨೯ರಲ್ಲಿ ಈ ದಾರವನ್ನು ರೇಷ್ಮೆಯ ಎಳೆಗಳಿಂದ ತೂಗುಹಾಕಿದಾಗ ನೂರಾರು ಅಡಿಗಳವರೆಗೆ ಪ್ರಯೋಗವು ಫಲಿಸಿತು. ಎಳೆಯು ತೆಳ್ಳಗಿರುವುದರಿಂದ ಗುಣವು ಅದರ ಮೂಲಕ ಸೋರಿಹೋಗುವುದಿಲ್ಲವೆಂದು ಅವನ ಊಹೆ. ಭಾರವನ್ನು ತಾಳಲಾರದೆ ರೇಷ್ಮೆಯು ಹರಿದುಹೋಗಲು, ಅದರ ಬದಲಿಗೆ ತೆಳ್ಳಗಿನ ಹಿತ್ತಾಳೆಯ ತಂತಿಯನ್ನು ಕಟ್ಟಿದನು. ಆಗ ತುದಿಯಲ್ಲಿ ಏನೂ ಕಾಣಲಿಲ್ಲ. ತೆಳುವು ಇದ್ದೂ ಕಾರ್ಯವಿಲ್ಲದಿರುವುದರಿಂದ ತೆಳುವು ಕಾರಣವಲ್ಲ. ರೇಷ್ಮೆಯಿದ್ದಲ್ಲಿ ಗುಣವು ಉಳಿದು ಲೋಹವಿದ್ದಲ್ಲಿ ಹೋಗುವುದರಿಂದ ದ್ರವ್ಯಭೇದವೇ ಕಾರಣ. ಅನ್ವಯವ್ಯತಿರೇಕಗಳಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆಯು ದೊರೆಯುವುದು ಕಷ್ಟ. ವಾಹಕ, ಅವಾಹಕ ಎಂಬ ವಿಭಾಗವು ಹೀಗೆ ಹುಟ್ಟಿತು.

ಹೀಗೆ ಹರಿಯುವ ಗುಣವು ಒಂದೇ ಬಗೆಯದೋ ಎಂಬ ಸಂದೇಹವು ಸಹಜವಾಗಿ ಎದ್ದಿತು. ಉಜ್ಜಿದ ಗಾಜಿನಿಂದ ದೂರ ಸರಿದ ಚಿನ್ನದ ರೇಕನ್ನು ಉಜ್ಜಿದ ರಾಳವು ಸೆಳೆದುದನ್ನು ೧೭೩೩ರಲ್ಲಿ ಕಂಡ ಫ್ರಾನ್ಸಿನ ಡ್ಯೂಫೇ ಎಂಬವನು ಗಾಜಿನದೊಂದು, ರಾಳದ್ದೊಂದು ಎಂದು ಎರಡು ಬಗೆಗಳನ್ನು ಹೇಳಿದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ೧೭೪೭ರಲ್ಲಿ, ಇರುವ ದ್ರವವು ಒಂದೇ, ಅದರ ಹೆಚ್ಚಳವೂ ಕೊರತೆಯೂ ಈ ಎರಡಾಗಿ ತೋರುತ್ತವೆಯೆಂದು ಹೇಳಿ, ಗಣಿತದ ಕೂಡುವ ಮತ್ತು ಕಳೆಯುವ ಚಿಹ್ನೆಗಳಿಂದ ಅವನ್ನು ಸೂಚಿಸಿದನು. ಕನ್ನಡದಲ್ಲಿ ಇವುಗಳಿಗೆ ಧನ, ಋಣ ಎಂದು ಹೇಳುವಾಗ, ೬೨೮ರಲ್ಲಿ ಬ್ರಹ್ಮಗುಪ್ತನು ಗಣಿತದಲ್ಲಿ ಬಳಸಿದ ಸಂಪತ್ತು ಮತ್ತು ಸಾಲದ ಶಬ್ದಗಳೇ ಬರುತ್ತವೆ. ಆದರೆ ತಂತಿಯಲ್ಲಿ ವಾಸ್ತವವಾಗಿ ಚಲಿಸುವುದು ಋಣಾವೇಶವುಳ್ಳ ಸೂಕ್ಷ್ಮಕಣ. ಅದು ಪ್ರಮಾಣಸಿದ್ಧವಾದುದು ೧೮೯೭ರಲ್ಲಿ ಜೆ. ಜೆ. ಥಾಮ್ಸನ್ನನಿಂದ. ಪ್ರವಾಹದ ದಿಕ್ಕನ್ನು ಇಂದಿಗೂ ಧನದಿಂದ ಋಣಕ್ಕೆಂದು ಬರೆಯುವುದು ಫ್ರಾಂಕ್ಲಿನ್ನನ ಕಾಲದ ಸಂಕೇತದ ಉಳಿಕೆ. ಈ ಚರಿತ್ರೆಯನ್ನು ಹೇಳದಿದ್ದರೆ ವಿದ್ಯಾರ್ಥಿಗೆ ಅದು ಶಾಸ್ತ್ರದ ಅಸಂಗತಿಯಾಗಿ ತೋರುವುದು.

ಉಜ್ಜಿದ ಗಾಜಿನ ಕಿಡಿಗೂ ಮೇಘದ ಮಿಂಚಿಗೂ ಬಣ್ಣ, ಸದ್ದು, ವೇಗಗಳಲ್ಲಿ ಸಾದೃಶ್ಯವಿದೆಯೆಂದು ಫ್ರಾಂಕ್ಲಿನ್ನನು ಗಮನಿಸಿದ್ದನು. ಸಾದೃಶ್ಯವು ತಾದಾತ್ಮ್ಯವಲ್ಲವೆಂಬುದನ್ನು ಅವನು ಬಲ್ಲನಾದುದರಿಂದ, ಮೋಡದಿಂದ ಕಿಡಿಯನ್ನು ಇಳಿಸಿ ಪರೀಕ್ಷಿಸುವ ವಿಧಾನವನ್ನು ಬರೆದು ಪ್ರಕಟಿಸಿದನು. ೧೭೫೨ರ ಮೇ ೧೦ರಂದು ಪ್ಯಾರಿಸ್ ನಗರದ ಸಮೀಪದ ಮಾರ್ಲಿ ಎಂಬ ಗ್ರಾಮದಲ್ಲಿ, ಡಾಲಿಬಾರನು ನೆಡಿಸಿದ್ದ ಸುಮಾರು ೪೦ ಅಡಿಯ ಕಬ್ಬಿಣದ ಸಲಾಕೆಯಿಂದ ಗುಡುಗಿನ ವೇಳೆಯಲ್ಲಿ ಕಿಡಿಗಳು ಹೊರಟುವು. ಅದೇ ವರ್ಷ ಫ್ರಾಂಕ್ಲಿನ್ನನೂ ಗಾಳಿಪಟದ ಮೂಲಕ ಅದನ್ನೇ ಸಾಧಿಸಿದನು. ಮರುವರ್ಷ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಇಂತಹುದೇ ಪರೀಕ್ಷೆಯಲ್ಲಿದ್ದ ರಿಕ್‌ಮನ್ ಎಂಬ ವಿದ್ವಾಂಸನು ಸಿಡಿಲು ಬಡಿದು ಮೃತನಾದನು. ಉಜ್ಜಿದ ಮಣಿಯ ಗುಣಕ್ಕೆ ವಿದ್ಯುತ್ತೆಂಬ ಹೆಸರು ಅನ್ವರ್ಥವಾಗಲು ಇಷ್ಟು ಬೆಲೆಯು ಸಂದಿದೆ.

ಅಲ್ಲಿಗೂ ಏಕತ್ವವು ಪೂರ್ಣವಾಗಲಿಲ್ಲ. ಸತ್ತ ಕಪ್ಪೆಯ ಕಾಲು ಲೋಹಗಳ ಸ್ಪರ್ಶದಿಂದ ಅದಿರುವುದನ್ನು ಇಟಲಿಯ ಗ್ಯಾಲ್ವಾನಿಯು ೧೭೯೧ರಲ್ಲಿ ಪ್ರಕಟಿಸಿ, ಅದು ಪ್ರಾಣಿದೇಹದ ವಿದ್ಯುತ್ತೆಂದನು. ಅದೇ ದೇಶದ ವೋಲ್ಟಾ ಎಂಬವನು ಕಾರಣವು ಕಪ್ಪೆಯಲ್ಲಿಲ್ಲ, ಎರಡು ಲೋಹಗಳ ಸಂಯೋಗದಲ್ಲಿದೆಯೆಂದು ವಾದಿಸಿ, ಬೆಳ್ಳಿ ಸತುಗಳ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳೊಡನೆ ಒಂದರಮೇಲೊಂದಾಗಿ ಪೇರಿಸಿ, ೧೮೦೦ರಲ್ಲಿ ಎಡೆಬಿಡದ ಪ್ರವಾಹವನ್ನು ಪಡೆದನು. ಕ್ಷಣಮಾತ್ರದ ಕಿಡಿಯು ಹೀಗೆ ಬಹುಕಾಲ ನಿಲ್ಲುವ ಪ್ರವಾಹವಾದುದರಿಂದಲೇ ಮುಂದಣ ಶೋಧನೆಯು ಸಾಧ್ಯವಾಯಿತು. ೧೮೨೦ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕನು, ಪ್ರವಾಹವಿರುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಉಪನ್ಯಾಸದ ನಡುವೆ ಕಂಡನು. ಗಿಲ್ಬರ್ಟನು ಬೇರ್ಪಡಿಸಿದ ತೃಣಮಣಿಯೂ ಸೂಜಿಗಲ್ಲೂ ೨೨೦ ವರ್ಷಗಳ ಅನಂತರ ಮತ್ತೆ ಕೂಡಿದುವು. ಕಣಾದನ ಕಾಲದ ಕೂಟವು ಭೇದವನ್ನರಿಯದ ಕೂಟ; ಇದು ಭೇದವನ್ನು ಅರಿತ ಮೇಲಣ ಸಂಬಂಧಜ್ಞಾನ.

ಈ ಕಥೆಯ ಉಪಸಂಹಾರವು ಮೈಕೇಲ್ ಫ್ಯಾರಡೆಯದು. ೧೭೯೧ರಲ್ಲಿ ಲೋಹಕಾರನೊಬ್ಬನ ಮಗನಾಗಿ ಜನಿಸಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಆತನು, ಕಟ್ಟಲು ಬಂದ ಪುಸ್ತಕಗಳಲ್ಲಿಯೇ ವಿದ್ಯುತ್ತಿನ ಮೊದಲ ಪಾಠವನ್ನು ಓದಿದನು; ಓದಿದ ಮಾತನ್ನು ಕೈಯಿಂದ ಮಾಡಿ ನೋಡದೆ ನಂಬಲಿಲ್ಲ. ೧೮೩೧ರ ಆಗಸ್ಟ್ ೨೯ರಂದು, ಕಬ್ಬಿಣದ ಬಳೆಯ ಒಂದು ಪಕ್ಕದ ಸುರುಳಿಯಲ್ಲಿ ಪ್ರವಾಹವನ್ನು ಹಾಯಿಸಿದ ಕ್ಷಣದಲ್ಲಿಯೂ ನಿಲ್ಲಿಸಿದ ಕ್ಷಣದಲ್ಲಿಯೂ ಇನ್ನೊಂದು ಪಕ್ಕದ ಸುರುಳಿಯಲ್ಲಿ ಪ್ರವಾಹವು ಹುಟ್ಟುವುದನ್ನು ಕಂಡನು. ಆಮೇಲೆ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದರೂ ಪ್ರವಾಹವು ಹುಟ್ಟಿತು. ಅಲುಗದೆ ಇರಿಸಿದರೆ ಹುಟ್ಟಲಿಲ್ಲ. ಆದುದರಿಂದ ಕಾರಣವು ಅಯಸ್ಕಾಂತದ ಇರವಲ್ಲ, ಅದರ ವ್ಯತ್ಯಾಸ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೨ರಲ್ಲಿ ತೊಂಬತ್ತು ಮೈಲಿಗಳಿಗೂ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು ಈ ತತ್ತ್ವದ ಬಲದಿಂದಲೇ.

೧೮೩೩ರಲ್ಲಿ ಫ್ಯಾರಡೆಯು ಮತ್ತೊಂದು ಪ್ರಶ್ನೆಯನ್ನೆತ್ತಿದನು: ಉಜ್ಜುವಿಕೆಯಿಂದ, ಲೋಹಗಳ ಕೂಟದಿಂದ, ಅಯಸ್ಕಾಂತದಿಂದ, ಶಾಖದಿಂದ, ಕೆಲವು ಮೀನುಗಳ ದೇಹದಿಂದ ಹೊರಡುವ ವಿದ್ಯುತ್ತುಗಳು ಒಂದೇ ಏನು? ಮುಳ್ಳನ್ನು ತಿರುಗಿಸುವುದು, ಶಾಖವನ್ನುಂಟುಮಾಡುವುದು, ದ್ರವಗಳನ್ನು ವಿಭಜಿಸುವುದು, ಕಿಡಿಯನ್ನು ಹಾರಿಸುವುದು ಮೊದಲಾದ ಲಿಂಗಗಳಿಂದ ಒಂದೊಂದನ್ನೂ ಪರೀಕ್ಷಿಸಿ, ಭೇದವು ಪ್ರಮಾಣದಲ್ಲಿಯೇ ಹೊರತು ಸ್ವರೂಪದಲ್ಲಿಲ್ಲವೆಂದು ನಿರ್ಣಯಿಸಿದನು. ಒಂದೇ ಹೆಸರಿನಿಂದ ಇವೆಲ್ಲವನ್ನೂ ಕರೆಯುವ ಅಧಿಕಾರವು ಅಂದು ದೊರೆಯಿತು. ಮರುವರ್ಷ, ತಾನು ಕಂಡ ಹೊಸ ಸಂಗತಿಗಳಿಗೆ ತಕ್ಕ ಹೆಸರುಗಳು ಬೇಕಾಗಲು, ಗ್ರೀಕ್ ಬಾರದ ಆತನು ಕೇಂಬ್ರಿಡ್ಜಿನ ವಿಲಿಯಂ ಹ್ಯೂವೆಲ್ ಎಂಬ ಪಂಡಿತನಿಗೆ ಪತ್ರವನ್ನು ಬರೆದನು. ಆನೋಡ್, ಕ್ಯಾಥೋಡ್ ಎಂಬ ಶಬ್ದಗಳು ಆ ಪತ್ರವ್ಯವಹಾರದ ಫಲ. ಇಲ್ಲಿ ಪ್ರಯೋಗವು ಮುಂದೆ, ಪಂಡಿತನು ಹಿಂದೆ. ವಸ್ತುವು ಸಿದ್ಧವಾದ ಮೇಲೆ ಶಬ್ದವು ಬಂದಿತು.

ಕನ್ನಡದಲ್ಲಿ ಕ್ರಮವು ಅನಿವಾರ್ಯವಾಗಿ ತಲೆಕೆಳಗಾಯಿತು. ಬೇರೆಡೆ ಸಿದ್ಧವಾದ ಶಾಸ್ತ್ರವನ್ನು ತರುವಾಗ ಶಬ್ದವು ಮೊದಲು ಬರುತ್ತದೆ, ವಸ್ತುದರ್ಶನವು ಹಿಂದೆ ಉಳಿಯುತ್ತದೆ. ಇದರಲ್ಲಿ ಪರಿಭಾಷೆಯನ್ನು ರಚಿಸಿದವರ ದೋಷವೇನೂ ಇಲ್ಲ. ಭೌತಶಾಸ್ತ್ರವನ್ನು ಬೋಧಿಸುತ್ತಿದ್ದು ಪಂಪಭಾರತವನ್ನೂ ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯ ಸಂಪಾದಕತ್ವವನ್ನು ವಹಿಸಿದುದು, ಭಾಷೆಯೂ ಪದಾರ್ಥಜ್ಞಾನವೂ ಒಬ್ಬರಲ್ಲಿಯೇ ಕೂಡಬಲ್ಲುವೆಂಬುದಕ್ಕೆ ನಿದರ್ಶನ. ವಿದ್ಯುತ್ತೆಂಬುದು ಇಂದು ರೂಢಶಬ್ದ. ಅದನ್ನು ಬಿಡಬೇಕಾಗಿಲ್ಲ, ಬಿಡಲೂ ಆಗದು. ಆದರೆ ರೂಢಿಯ ಹಿಂದಿರುವ ಯುಕ್ತಿಯನ್ನು ತೋರಿಸಿಕೊಡುವ ಹೊಣೆಯು ಅಧ್ಯಾಪಕನಿಗೆ ಉಳಿದಿದೆ.

ಆದುದರಿಂದ ಈ ಶಾಸ್ತ್ರದ ಮೊದಲ ಪಾಠಕ್ಕೆ ಅದರ ಉದಯಕ್ರಮವೇ ತಕ್ಕ ಕ್ರಮವು. ಮೊದಲು ಉಜ್ಜಿದ ಕಡ್ಡಿಯನ್ನೂ ಸೂಜಿಗಲ್ಲನ್ನೂ ಒಟ್ಟಿಗೆ ಕೊಟ್ಟು, ಅವು ಎಷ್ಟು ಬಗೆಯಲ್ಲಿ ಬೇರೆಯೆಂದು ವಿದ್ಯಾರ್ಥಿಯಿಂದಲೇ ಹೇಳಿಸಬೇಕು. ರೇಷ್ಮೆಗೂ ಹಿತ್ತಾಳೆಗೂ ಇರುವ ಭೇದವನ್ನು ಅವನೇ ಕಾಣಬೇಕು. ಅನಂತರ ತಂತಿಯ ಬಳಿಯಲ್ಲಿ ಮುಳ್ಳು ತಿರುಗಬೇಕು. ಕಡೆಗೆ ಸುರುಳಿಯೊಳಗೆ ಅಯಸ್ಕಾಂತವು ಆಡಬೇಕು. ಸೂಜಿಗಲ್ಲಿನ ಮೇಲೆ ಕಾಗದವನ್ನಿಟ್ಟು ಕಬ್ಬಿಣದ ಹುಡಿಯನ್ನು ಉದುರಿಸಿದಾಗ ಹುಡಿಯು ಸಾಲುಸಾಲಾಗಿ ಬಾಗಿ ನಿಲ್ಲುವುದು. ಫ್ಯಾರಡೆಯು ಬಲರೇಖೆಗಳೆಂದು ಕರೆದುದೂ, ಮ್ಯಾಕ್ಸ್‌ವೆಲ್ಲನು ೧೮೬೫ರಲ್ಲಿ ಗಣಿತದ ಸಮೀಕರಣಗಳಲ್ಲಿ ನಿಲ್ಲಿಸಿದುದೂ ಇದರ ತತ್ತ್ವವನ್ನೇ. ಕಣಾದನು ಅದೃಷ್ಟವೆಂದು ಬಿಟ್ಟ ಎಡೆಯಲ್ಲಿ ವಿದ್ಯಾರ್ಥಿಯು ಇಷ್ಟನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ವಿದ್ಯುತ್ತೆಂಬ ಹೆಸರನ್ನು ಹೇಳಿದರೆ, ಅದು ಅವನ ಬಾಯಲ್ಲಿ ಅರ್ಥವುಳ್ಳ ಶಬ್ದವಾಗಿ ನಿಲ್ಲುವುದು.