ಲೋಹದ ಫಾಸ್ಫೇಟ್ ಮತ್ತು ಆರ್ಸೆನೇಟ್ ಚೌಕಟ್ಟು ಸಂಯುಕ್ತಗಳು: ಸ್ಫಟಿಕ ರಚನೆ ಮತ್ತು ಕುಡಿಯುವ ನೀರು

ರಂಜಕ ಮತ್ತು ಆರ್ಸೆನಿಕ್ ಮೂಲವಸ್ತುಗಳು ಆವರ್ತ ಕೋಷ್ಟಕದ 15ನೆಯ ಗುಂಪಿಗೆ ಸೇರಿದ್ದು, ಒಂದರ ಕೆಳಗೊಂದು ಸ್ಥಾನ ಪಡೆದಿವೆ. ಇವು ನಾಲ್ಕು ಆಮ್ಲಜನಕ ಪರಮಾಣುಗಳೊಡನೆ ಕೂಡಿ ಕ್ರಮವಾಗಿ ಫಾಸ್ಫೇಟ್ ಮತ್ತು ಆರ್ಸೆನೇಟ್ ಅಯಾನುಗಳನ್ನು ಉಂಟುಮಾಡುತ್ತವೆ. ಎರಡರ ಆಕಾರವೂ ಒಂದೇ: ನಡುವೆ ರಂಜಕ ಅಥವಾ ಆರ್ಸೆನಿಕ್, ನಾಲ್ಕು ಮೂಲೆಗಳಲ್ಲಿ ಆಮ್ಲಜನಕ. ಇದನ್ನು ಚತುರ್ಮುಖಿ ಎಂದು ಕರೆಯಲಾಗುತ್ತದೆ. ರಂಜಕ ಹಾಗೂ ಆಮ್ಲಜನಕದ ನಡುವಣ ಬಂಧದ ಉದ್ದ ಸುಮಾರು 1.54 ಆಂಗ್‌ಸ್ಟ್ರಾಂ, ಆರ್ಸೆನಿಕ್ ಹಾಗೂ ಆಮ್ಲಜನಕದ್ದು ಸುಮಾರು 1.69 ಆಂಗ್‌ಸ್ಟ್ರಾಂ. ವ್ಯತ್ಯಾಸವು ಶೇ. 10ರಷ್ಟು ಮಾತ್ರ. ಆದುದರಿಂದ ಒಂದರ ಜಾಗದಲ್ಲಿ ಇನ್ನೊಂದು ಸೇರಿಕೊಳ್ಳಬಲ್ಲದು. ಪ್ರಯೋಗಾಲಯದಲ್ಲಿ ಇದು ಅನುಕೂಲವಾದರೆ ಕುಡಿಯುವ ನೀರಿನಲ್ಲಿ ಅಪಾಯ.

ಚೌಕಟ್ಟು ಎಂದರೇನು?

ಸತು, ಕಬ್ಬಿಣ, ಅಲ್ಯೂಮಿನಿಯಂ ಮೊದಲಾದ ಲೋಹಗಳು ಈ ಚತುರ್ಮುಖಿಗಳೊಡನೆ ಮೂಲೆಯ ಆಮ್ಲಜನಕಗಳನ್ನು ಹಂಚಿಕೊಂಡು ಮೂರು ದಿಕ್ಕುಗಳಲ್ಲಿಯೂ ಹೆಣೆದುಕೊಂಡಾಗ ಚೌಕಟ್ಟು ಏರ್ಪಡುತ್ತದೆ. ಹೆಣಿಗೆಯ ನಡುವೆ ಸುರಂಗಗಳೂ ಪೊಟರೆಗಳೂ ಉಳಿಯುತ್ತವೆ. ಅವುಗಳಲ್ಲಿ ನೀರು, ಸೋಡಿಯಂನಂತಹ ಅಯಾನು ಅಥವಾ ಅಮೀನ್ ಅಣುಗಳು ನೆಲೆಸಿರುತ್ತವೆ. 1982ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ವಿಜ್ಞಾನಿಗಳು ಅಲ್ಯೂಮಿನಿಯಂ ಫಾಸ್ಫೇಟಿನಿಂದ ಇಂತಹ ರಂಧ್ರಮಯ ಸ್ಫಟಿಕಗಳನ್ನು ತಯಾರಿಸಿದ ಬಳಿಕ ಈ ಕ್ಷೇತ್ರವು ವಿಸ್ತಾರಗೊಂಡಿತು.

ಬೆಂಗಳೂರಿನ ಸಂಶೋಧನೆ

ಈ ವಿಷಯದಲ್ಲಿ ಬೆಂಗಳೂರಿನ ಕೊಡುಗೆ ಗಣನೀಯವಾದುದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್, ಪ್ರೊ. ಎಸ್. ನಟರಾಜನ್ ಮತ್ತು ಸಹೋದ್ಯೋಗಿಗಳು ಲೋಹದ ಫಾಸ್ಫೇಟುಗಳ ಚೌಕಟ್ಟು ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಅಭ್ಯಸಿಸಿ 2001ರಲ್ಲಿ ಸಮಗ್ರ ಲೇಖನವನ್ನು ಪ್ರಕಟಿಸಿದರು. ಲೋಹ ಮತ್ತು ಫಾಸ್ಫೇಟ್ ಸರದಿಯಂತೆ ಸೇರಿದ ನಾಲ್ಕರ ಉಂಗುರವು ಮೊದಲ ಘಟಕ. ಅದು ಏಣಿಯಂತಹ ಸರಪಳಿಯಾಗಿ, ಪದರವಾಗಿ, ಕೊನೆಗೆ ಚೌಕಟ್ಟಾಗಿ ಬೆಳೆಯಬಲ್ಲದು ಎಂಬುದು ಅದರ ಸಾರ. ಪ್ರೊ. ನಟರಾಜನ್ ಅವರ ತಂಡವು ಆರ್ಸೆನೇಟುಗಳನ್ನೂ ಇದೇ ರೀತಿ ಪರಿಶೀಲಿಸಿದೆ. ತಯಾರಿಕೆಯ ವಿಧಾನವು ಪ್ರೆಶರ್ ಕುಕ್ಕರಿಗೆ ಸಮೀಪದ್ದು: ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ನೀರು, ಲೋಹದ ಲವಣ, ಆಮ್ಲ ಮತ್ತು ಅಮೀನನ್ನು ದಿನಗಟ್ಟಲೆ ಬಿಸಿಯಲ್ಲಿರಿಸಿ, ದೊರೆತ ಸ್ಫಟಿಕವನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಲಾಗುತ್ತದೆ.

ರಾಜಾಜಿನಗರದಿಂದ ಕೆಲವೇ ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜೆ. ಗೋಪಾಲಕೃಷ್ಣನ್ ಅವರು 1992ರಲ್ಲಿ ಸೋಡಿಯಂ ವೆನೇಡಿಯಂ ಫಾಸ್ಫೇಟಿನಿಂದ ಸೋಡಿಯಂ ಅನ್ನು ಪೂರ್ಣವಾಗಿ ಹೊರತೆಗೆದರೂ ಚೌಕಟ್ಟು ಕುಸಿಯದೆಂದು ತೋರಿಸಿದರು. ಸದರಿ ಸಂಯುಕ್ತವು ಇಂದು ಸೋಡಿಯಂ ಅಯಾನು ಬ್ಯಾಟರಿಗಳ ಸಂಶೋಧನೆಯಲ್ಲಿ ಪ್ರಮುಖವಾಗಿದೆ. ವಿಜಯನಗರ, ಕೆಂಗೇರಿ ರಸ್ತೆಗಳಲ್ಲಿ ಸಂಚರಿಸುವ ವಿದ್ಯುತ್ ಚಾಲಿತ ವಾಹನಗಳ ಪೈಕಿ ಹಲವುಗಳ ಬ್ಯಾಟರಿಯೊಳಗಿರುವುದೂ ಒಂದು ಫಾಸ್ಫೇಟ್ ಚೌಕಟ್ಟೇ; ಅದು ಲಿಥಿಯಂ ಕಬ್ಬಿಣದ ಫಾಸ್ಫೇಟ್.

ಖನಿಜದಿಂದ ಬಾವಿಗೆ

ಹಟ್ಟಿ ಪ್ರದೇಶದ ಚಿನ್ನದ ಅದಿರಿನೊಡನೆ ಆರ್ಸೆನೋಪೈರೈಟ್ ಎಂಬ ಖನಿಜವು ಕಂಡುಬರುತ್ತದೆ. ಗಾಳಿ ಮತ್ತು ನೀರಿನ ಸಂಪರ್ಕದಿಂದ ಅದು ಶಿಥಿಲಗೊಂಡಾಗ ಆರ್ಸೆನೇಟ್ ಬಿಡುಗಡೆಯಾಗುತ್ತದೆ. ಸುತ್ತಲಿನ ಕಬ್ಬಿಣವು ಅದನ್ನು ಹಿಡಿದು ಸ್ಕೊರೊಡೈಟ್ ಎಂಬ ಚೌಕಟ್ಟು ಖನಿಜವಾಗಿ ಬಂಧಿಸಬಹುದು. ಅದರಲ್ಲಿ ಪ್ರತಿ ಆರ್ಸೆನೇಟ್ ನಾಲ್ಕು ಕಬ್ಬಿಣದ ಪರಮಾಣುಗಳಿಗೆ ಜೋಡಣೆಯಾಗಿರುತ್ತದೆ. ಕಬ್ಬಿಣದ ಫಾಸ್ಫೇಟ್ ಖನಿಜವಾದ ಸ್ಟ್ರೆಂಗೈಟಿನ ರಚನೆಯೂ ಇದೇ. ಸ್ಕೊರೊಡೈಟ್ ಆಮ್ಲೀಯ ಪರಿಸರದಲ್ಲಿ ಬಹುಮಟ್ಟಿಗೆ ಕರಗುವುದಿಲ್ಲ. ಕ್ಷಾರೀಯ ಪರಿಸರದಲ್ಲಿ ಕಬ್ಬಿಣವು ತುಕ್ಕಿನಂತಹ ಹೈಡ್ರಾಕ್ಸೈಡಾಗಿ ಉಳಿದು, ಆರ್ಸೆನೇಟ್ ನೀರಿಗಿಳಿಯುತ್ತದೆ. ಈ ಬೀಗವು ಎಲ್ಲ ನೀರಿನಲ್ಲಿಯೂ ಭದ್ರವಲ್ಲ.

ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳ ಕೆಲವು ಗ್ರಾಮಗಳ ಅಂತರ್ಜಲದಲ್ಲಿ ಆರ್ಸೆನಿಕ್ ಮಿತಿ ಮೀರಿರುವುದು ಕಂಡುಬಂದಿದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನಿವಾಸಿಗಳಲ್ಲಿ ಆರ್ಸೆನಿಕ್‌ನಿಂದಾದ ಚರ್ಮದ ತೊಂದರೆಗಳನ್ನು 2013ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ. ಭಾರತೀಯ ಮಾನಕದ ಅನುಸಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು.

ದೇಹವೂ ಮೋಸಹೋಗುತ್ತದೆ. ಜೀವಕೋಶವು ಫಾಸ್ಫೇಟಿಗಾಗಿ ತೆರೆದಿಟ್ಟ ದ್ವಾರಗಳ ಮೂಲಕ ಆರ್ಸೆನೇಟ್ ಒಳಸೇರಿ, ಶಕ್ತಿಯ ಶೇಖರಣೆಯಲ್ಲಿ ಫಾಸ್ಫೇಟಿನ ಸ್ಥಾನವನ್ನು ಆಕ್ರಮಿಸುತ್ತದೆ. ಆದರೆ ಅದರ ಬಂಧವು ನೀರಿನಲ್ಲಿ ಕ್ಷಣಮಾತ್ರದಲ್ಲಿ ಒಡೆಯುವುದರಿಂದ ಶಕ್ತಿಯು ವ್ಯರ್ಥವಾಗುತ್ತದೆ. ಆರ್ಸೆನಿಕ್ಕನ್ನೇ ಬಳಸಿ ಬದುಕುವ ಸೂಕ್ಷ್ಮಜೀವಿಯಿದೆ ಎಂದು 2010ರಲ್ಲಿ ಅಮೆರಿಕದಿಂದ ಬಂದ ಪ್ರಬಂಧವು ಬಹಳ ಸುದ್ದಿಯಾಗಿತ್ತು. 2012ರ ಪ್ರಯೋಗಗಳು ಅದನ್ನು ಅಲ್ಲಗಳೆದವು. ಪತ್ರಿಕೆಯು ಪ್ರಬಂಧವನ್ನು ಹಿಂಪಡೆದದ್ದು ಮಾತ್ರ 2025ರಲ್ಲಿ.

ಸಾರ್ವಜನಿಕರ ಗಮನಕ್ಕೆ

ಆರ್ಸೆನಿಕ್‌ಗೆ ನೀರಿನಲ್ಲಿ ಬಣ್ಣ, ರುಚಿ, ವಾಸನೆ ಇರುವುದಿಲ್ಲ. ಕುದಿಸುವುದರಿಂದ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಕಬ್ಬಿಣದ ಹೈಡ್ರಾಕ್ಸೈಡ್ ತುಂಬಿದ ಶೋಧಕಗಳು ಆರ್ಸೆನೇಟನ್ನು ಹಿಡಿದಿಡುತ್ತವೆಯಾದರೂ, ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಲ್ಲಿ ಅದೇ ಜಾಗಕ್ಕೆ ಪೈಪೋಟಿ ಏರ್ಪಟ್ಟು ಶೋಧಕದ ಸಾಮರ್ಥ್ಯ ಕುಗ್ಗುತ್ತದೆ. ಆಮ್ಲಜನಕ ಕಡಿಮೆಯಿರುವ ಆಳದ ನೀರಿನಲ್ಲಿ ಆರ್ಸೆನಿಕ್ ಆರ್ಸೆನೈಟ್ ರೂಪದಲ್ಲಿರಬಹುದು. ಅಂತಹ ನೀರನ್ನು ಮೊದಲು ಉತ್ಕರ್ಷಣೆಗೆ ಒಳಪಡಿಸಬೇಕಾಗುತ್ತದೆ. ಆದುದರಿಂದ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ನಂತರವೇ ಶೋಧಕವನ್ನು ಆರಿಸತಕ್ಕದ್ದು.