ಕೂಡಿದ ಬಳಗ, ಕಾಣದ ಬಳಗ

ಅಮೇರಿಕದ ಹಳ್ಳಿಗಾಡಿನ ಸಂಗೀತವೆಂದೊಡನೆ ಅಗಲ ಅಂಚಿನ ಟೋಪಿ, ಕುದುರೆ, ಸಿನಿಮಾ ತೆರೆಯ ಮೇಲಿನ ದನಗಾಹಿ—ಇಷ್ಟೇ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು. ‘ಕಂಟ್ರಿ ಮ್ಯೂಸಿಕ್’ ಎಂದು ಅಲ್ಲಿನವರು ಕರೆಯುವ ಈ ಸಂಗೀತವನ್ನು ಅದರ ಹಳೆಯ ಧಾಟಿಯಲ್ಲಿ ಒಮ್ಮೆಯಾದರೂ ಕೇಳಬೇಕೆಂಬ ಕುತೂಹಲ ತಮಗಿದ್ದರೆ, 1972ರಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆಯನ್ನು ಸೂಚಿಸಬಯಸುತ್ತೇನೆ. ಮೂರು ಲಾಂಗ್ ಪ್ಲೇ ತಟ್ಟೆಗಳ ಕಟ್ಟು ಅದು. ಹೆಸರು ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’. ಈ ಬಳಗ ಒಡೆಯದೆ ಉಳಿದೀತೆ ಎಂದು ಅದರ ಅರ್ಥ. ಹೆಸರೇ ಒಂದು ಪ್ರಶ್ನೆಯಾಗಿರುವುದರಿಂದ, ಬಳಗದಲ್ಲಿ ಯಾರು ಯಾರು ಕುಳಿತಿದ್ದಾರೆ, ಕೂರಬೇಕಾಗಿದ್ದವರು ಯಾರು ಕುಳಿತಿಲ್ಲ ಎಂಬುದನ್ನೂ ವಿಚಾರಿಸುತ್ತ ಕೇಳುವುದು ಒಳ್ಳೆಯದು.

ಟೆನೆಸ್ಸೀ ಸಂಸ್ಥಾನದ ನ್ಯಾಶ್ವಿಲ್ ಪಟ್ಟಣದಲ್ಲಿ, ವುಡ್‌ಲ್ಯಾಂಡ್ ಎಂಬ ಸ್ಟುಡಿಯೋದಲ್ಲಿ, 1971ರ ಆಗಸ್ಟ್ ತಿಂಗಳಲ್ಲಿ ಈ ಧ್ವನಿಮುದ್ರಣ ನಡೆಯಿತು. ಹಿರಿಯ ಕಲಾವಿದರನ್ನು ಆಹ್ವಾನಿಸಿದವರು ಕ್ಯಾಲಿಫೋರ್ನಿಯಾದಿಂದ ಬಂದ ತರುಣರ ಒಂದು ವಾದ್ಯಮೇಳ, ‘ನಿಟಿ ಗ್ರಿಟಿ ಡರ್ಟ್ ಬ್ಯಾಂಡ್’. ವಿಯಟ್ನಾಂ ಯುದ್ಧದ ಕಾಲ ಅದು. ಕೂದಲು ಉದ್ದ ಬಿಟ್ಟ ಹುಡುಗರನ್ನು ಕಂಡರೆ ದಕ್ಷಿಣದ ಹಿರಿಯರು ಮುಖ ತಿರುಗಿಸುತ್ತಿದ್ದರು. ಬಿಲ್ ಮನ್ರೋ ಬರಲೊಪ್ಪಲಿಲ್ಲ. ರಾಯ್ ಅಕಫ್ ಬಂದರು, ಆದರೆ ಅನುಮಾನದಿಂದಲೇ ಬಂದು, ಅದುವರೆಗೆ ಮುದ್ರಿಸಿದ್ದನ್ನು ಕೇಳಿದ ಮೇಲೆ ಒಪ್ಪಿದರು. ಎಲ್ಲರೂ ಒಟ್ಟಿಗೆ ಕುಳಿತು ನುಡಿಸಿದ್ದನ್ನು ನೇರವಾಗಿ ಎರಡೇ ಪಥಗಳ ಟೇಪಿಗೆ ಇಳಿಸಿದರು. ಆಮೇಲೆ ತೇಪೆ ಹಾಕುವ ಕೆಲಸವಿಲ್ಲ. ಹಾಡುಗಳ ನಡುವಣ ಮಾತು, ನಗು, ಶ್ರುತಿ ಸರಿಪಡಿಸಿಕೊಳ್ಳುವ ಸದ್ದು ಇವನ್ನೂ ಅಳಿಸದೆ ಬಿಟ್ಟರು. ಪಕ್ಕದ ಮನೆಯ ಪಡಸಾಲೆಯಲ್ಲಿ ಯಾರೋ ಹಾಡುತ್ತಿರುವಂತೆ ಕೇಳಿಸುವುದು ಇದರಿಂದಲೇ.

ಮೊದಲು ಮೇಬೆಲ್ ಕಾರ್ಟರ್ ಅವರ ಕಡೆಗೆ ಕಿವಿಗೊಡಿ. ಆಗ ಅವರಿಗೆ ಅರುವತ್ತೆರಡು ವರ್ಷ. ಅವರ ಗಿಟಾರು ಕೇಳುವಾಗ ಒಂದು ವಿಶೇಷವನ್ನು ಗಮನಿಸಬೇಕು: ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಹಾಡಿನ ಮಟ್ಟನ್ನೇ ನುಡಿಸುತ್ತಿರುತ್ತದೆ, ಉಳಿದ ಬೆರಳು ಮೇಲಿನ ತಂತಿಗಳನ್ನು ಸವರಿ ಲಯ ಕೊಡುತ್ತದೆ. ಹಾಡುವುದೂ ಗಿಟಾರೇ, ತಾಳ ಹಾಕುವುದೂ ಗಿಟಾರೇ. ಹಾಡಿಗೆ ಹಿಂಬಾಲಕವಾಗಿದ್ದ ಆ ವಾದ್ಯ ಮುಂದಕ್ಕೆ ಬಂದು ಕುಳಿತದ್ದು ಬಹುಮಟ್ಟಿಗೆ ಈಕೆಯ ಕೈಯಿಂದ.

ಈ ಕೈಚಳಕ ಮೊದಲು ಪ್ಲೇಟಿಗೆ ಇಳಿದದ್ದು 1927ರಲ್ಲಿ. ಟೆನೆಸ್ಸೀ ಮತ್ತು ವರ್ಜೀನಿಯ ಸಂಸ್ಥಾನಗಳ ಗಡಿಯೇ ನಡುಬೀದಿಯಾಗಿ ಹಾದುಹೋಗುವ ಬ್ರಿಸ್ಟಲ್ ಎಂಬ ಊರಿಗೆ, ಜುಲೈ ತಿಂಗಳ ಕೊನೆಯಲ್ಲಿ, ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬವರು ಯಂತ್ರಗಳನ್ನು ಹೊತ್ತು ತಂದರು. ಖಾಲಿ ಬಿದ್ದಿದ್ದ ಟೋಪಿ ಕಂಪನಿಯ ಕಟ್ಟಡವೇ ಸ್ಟುಡಿಯೋ ಆಯಿತು. ಹನ್ನೆರಡು ದಿನಗಳಲ್ಲಿ 19 ತಂಡಗಳು, 76 ಮುದ್ರಣಗಳು. ಆಗಸ್ಟ್ 1 ಮತ್ತು 2ರಂದು ವರ್ಜೀನಿಯದ ಬೆಟ್ಟಗಳಿಂದ ಇಳಿದು ಬಂದ ಎ. ಪಿ. ಕಾರ್ಟರ್, ಅವರ ಪತ್ನಿ ಸಾರಾ, ಸಾರಾ ಅವರ ಓರಗಿತ್ತಿ ಮೇಬೆಲ್ ಈ ಮೂವರು ಆರು ಹಾಡುಗಳನ್ನು ಹಾಡಿದರು. ಮೇಬೆಲ್‌ಗೆ ಆಗ ಹದಿನೆಂಟು; ತುಂಬು ಗರ್ಭಿಣಿ.

ಪೀರ್ ಅವರ ವ್ಯಾಪಾರದ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಅವರು ಕಂಪನಿಯಿಂದ ಸಂಬಳ ಪಡೆಯುತ್ತಿರಲಿಲ್ಲ. ಮುದ್ರಿಸಿದ ಹಾಡುಗಳ ಸ್ವಾಮ್ಯದ ಹಕ್ಕನ್ನು ತಮ್ಮಲ್ಲಿ ಇಟ್ಟುಕೊಂಡಿದ್ದರು. ಆದ್ದರಿಂದ ಅವರಿಗೆ ಬೇಕಾದದ್ದು ಇನ್ನೂ ಯಾರ ಹೆಸರಿಗೂ ದಾಖಲಾಗದ ಹಾಡು. ಹಾಡುಗಾರರಿಗೆ ಮುದ್ರಣಕ್ಕೆ 50 ಡಾಲರು, ಮೇಲೆ ಮಾರಾಟದಲ್ಲಿ ಸಣ್ಣ ಪಾಲು. ಹೀಗಾಗಿ ಎ. ಪಿ. ಕಾರ್ಟರ್ ಊರೂರು ಅಲೆದು ಹಾಡು ಕೂಡಿಸತೊಡಗಿದರು. ಸಾಹಿತ್ಯವನ್ನು ಬರೆದುಕೊಳ್ಳುವರು, ಆದರೆ ಮಟ್ಟು ನೆನಪಿನಲ್ಲಿ ನಿಲ್ಲದು. ಅದನ್ನು ನಿಲ್ಲಿಸಿಕೊಳ್ಳುತ್ತಿದ್ದವರು ಜೊತೆಗೆ ಹೋಗುತ್ತಿದ್ದ ಲೆಸ್ಲಿ ರಿಡಲ್. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಕಾಲು ಕಳೆದುಕೊಂಡ ಕರಿಯ ಜನಾಂಗದ ಈ ಗಿಟಾರು ವಾದಕರು ಒಮ್ಮೆ ಕೇಳಿದ ಮಟ್ಟನ್ನು ಮರೆಯುತ್ತಿರಲಿಲ್ಲ. ಕರಿಯರೂ ಬಿಳಿಯರೂ ಒಂದೇ ಬೆಂಚಿನಲ್ಲಿ ಕೂರಬಾರದೆಂಬ ಕಟ್ಟುಪಾಡಿದ್ದ ನಾಡಿನಲ್ಲಿ ಇವರಿಬ್ಬರೂ ಒಟ್ಟಿಗೆ ತಿರುಗಿದರು. ರಿಡಲ್ ಕಾರ್ಟರ್ ಮನೆಯಲ್ಲೂ ತಂಗುತ್ತಿದ್ದರು. ಮೇಬೆಲ್‌ಗೆ ಬೆರಳುಗಳ ಹೊಸ ಪಟ್ಟುಗಳನ್ನೂ ಕಲಿಸಿದರು. ಹಾಡುಗಳು ಎ. ಪಿ. ಕಾರ್ಟರ್ ಹೆಸರಿನಲ್ಲಿ ದಾಖಲಾದವು. ರಿಡಲ್ ಅವರ ಹೆಸರು ಪ್ಲೇಟಿನ ಚೀಟಿಯ ಮೇಲೆ ಬರಲಿಲ್ಲ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಗಾಯಕ ಸಂಗ್ರಾಹಕರು ಮೇಬೆಲ್ ಅವರಿಂದಲೇ ಸುಳಿವು ಪಡೆದು, ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್‌ನಲ್ಲಿ ಅವರನ್ನು ಹುಡುಕಿ ಧ್ವನಿಮುದ್ರಿಸದಿದ್ದರೆ ನಮಗೆ ಆ ಕಂಠ ಸಿಗುತ್ತಲೇ ಇರಲಿಲ್ಲ.

ರೇಡಿಯೋ ಇಟ್ಟುಕೊಂಡವರಿಗೆ ಪ್ರಿಯವಾಗುವ ಒಂದು ಪ್ರಸಂಗವನ್ನು ಇಲ್ಲೇ ಹೇಳಿಬಿಡುತ್ತೇನೆ. 1938ರಿಂದ ಕಾರ್ಟರ್ ಕುಟುಂಬ ಎಕ್ಸ್. ಇ. ಆರ್. ಎ. ಎಂಬ ನಿಲಯದಲ್ಲಿ ಹಾಡತೊಡಗಿತು. ನಿಲಯ ಇದ್ದದ್ದು ಟೆಕ್ಸಾಸ್ ಗಡಿಯಾಚೆ, ಮೆಕ್ಸಿಕೋ ನೆಲದಲ್ಲಿ. ಅಮೇರಿಕದ ನಿಲಯಗಳಿಗಿದ್ದ ಶಕ್ತಿಯ ಮಿತಿ ಅದಕ್ಕಿರಲಿಲ್ಲ. ಅದರ ಒಡೆಯ ಡಾಕ್ಟರ್ ಬ್ರಿಂಕ್ಲಿ, ಹೋತದ ಗ್ರಂಥಿಯನ್ನು ಕಸಿ ಮಾಡಿ ಗಂಡಸರಿಗೆ ಯೌವನ ಮರಳಿಸುವುದಾಗಿ ಹೇಳಿ ದುಡ್ಡು ಮಾಡಿದ ಮಹಾನುಭಾವ! ಇರಲಿ. ಸಾರಾ ಆ ಹೊತ್ತಿಗೆ ಎ. ಪಿ. ಅವರಿಂದ ವಿಚ್ಛೇದನ ಪಡೆದಿದ್ದರು. ಮನಸ್ಸಿಗೊಪ್ಪಿದ ಕಾಯ್ ಬೇಸ್ ದೂರದ ಕ್ಯಾಲಿಫೋರ್ನಿಯಾದಲ್ಲಿದ್ದರು. 1939ರಲ್ಲಿ ಒಂದು ರಾತ್ರಿ ಸಾರಾ ಅವರ ಹೆಸರು ಹೇಳಿ ‘ಐ ಆಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್’ ಹಾಡಿದರೆಂದೂ, ಆತ ಅದನ್ನು ರೇಡಿಯೋದಲ್ಲಿ ಕೇಳಿ ಹೊರಟು ಬಂದರೆಂದೂ ಕುಟುಂಬದ ಚರಿತ್ರೆ ಹೇಳುತ್ತದೆ. ಅದೇ ವರ್ಷ ಮದುವೆಯಾಯಿತು. ಅದೇ ಹಾಡನ್ನು ನಮ್ಮ ಧ್ವನಿಮುದ್ರಿಕೆಯಲ್ಲಿ ಮೇಬೆಲ್ ಹಾಡಿದ್ದಾರೆ.

ಇನ್ನು ಮಾತುಗಳನ್ನು ಅಳಿಸದೆ ಬಿಟ್ಟರೆಂದೆನಲ್ಲ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಡಾಕ್ ವಾಟ್ಸನ್ ಮತ್ತು ಮರ್ಲ್ ಟ್ರಾವಿಸ್ ಅವರ ಸಂಭಾಷಣೆ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ವಾಟ್ಸನ್, ಟ್ರಾವಿಸ್ ಅವರ ವಾದನವನ್ನು ಕೇಳಿ ಕೇಳಿ ಮೆಚ್ಚಿ, ತಮ್ಮ ಮಗನಿಗೇ ಮರ್ಲ್ ಎಂದು ಹೆಸರಿಟ್ಟವರು. ಇಬ್ಬರೂ ಮುಖಾಮುಖಿ ಕೂಡಿದ್ದು ಈ ಸ್ಟುಡಿಯೋದಲ್ಲೇ ಮೊದಲು. ಆ ಭೇಟಿಯ ಮಾತುಗಳು ಪ್ಲೇಟಿನಲ್ಲಿ ಹಾಗೆಯೇ ಇವೆ. ಬಿಟ್ಟು ಮುಂದೆ ಹೋಗಬೇಡಿ. ಟ್ರಾವಿಸ್ ಕೆಂಟಕಿಯ ಕಲ್ಲಿದ್ದಲು ಗಣಿಗಳ ಸೀಮೆಯವರು; ಇಲ್ಲಿ ಅವರು ಹಾಡುವ ‘ಡಾರ್ಕ್ ಆಸ್ ಎ ಡಂಜನ್’ ಅವರೇ ಕಟ್ಟಿದ ಗಣಿಯ ಹಾಡು. ಅವರ ಹೆಬ್ಬೆರಳು ಮಂದ್ರದಲ್ಲಿ ಬಿಡದೆ ಲಯ ಹಿಡಿದಿರುತ್ತದೆ, ತೋರುಬೆರಳು ಮೇಲೆ ಸ್ವತಂತ್ರವಾಗಿ ಹಾಡುತ್ತದೆ. ಅದನ್ನು ಅವರು ಕಲಿತದ್ದು ಅದೇ ಸೀಮೆಯ ಮೋಸ್ ರೇಗರ್, ಐಕ್ ಎವರ್ಲಿ ಇವರಿಂದ. ಆ ಪರಂಪರೆಯ ಜಾಡು ಹಿಡಿದು ಹಿಂದೆ ಹೋದರೆ ಅರ್ನಾಲ್ಡ್ ಶುಲ್ಟ್ಸ್ ಎಂಬ ಕರಿಯ ವಾದಕರು ಸಿಗುತ್ತಾರೆ. ಬರಲೊಪ್ಪದ ಬಿಲ್ ಮನ್ರೋ ಅವರೂ ಹುಡುಗನಾಗಿದ್ದಾಗ ಈ ಶುಲ್ಟ್ಸ್ ಜೊತೆಯಲ್ಲಿ ಕುಣಿತದ ಕೂಟಗಳಿಗೆ ನುಡಿಸಿದವರೇ. ಶುಲ್ಟ್ಸ್ 1931ರಲ್ಲಿ ತೀರಿಕೊಂಡರು. ಅವರ ಒಂದೇ ಒಂದು ಪ್ಲೇಟೂ ಇಲ್ಲ. ಅರ್ಲ್ ಸ್ಕ್ರಗ್ಸ್ ಅವರ ಬ್ಯಾಂಜೊ ಕೇಳುವಾಗಲೂ ನೆನಪಿರಲಿ, ಆ ವಾದ್ಯ ಆಫ್ರಿಕದಿಂದ ಗುಲಾಮರಾಗಿ ಬಂದವರೊಡನೆ ಬಂದದ್ದು. ಅದರ ಗಿಡ್ಡನೆಯ ಐದನೆಯ ತಂತಿ ನಮ್ಮ ತಂಬೂರಿಯ ಹಾಗೆ ಒಂದೇ ಸ್ವರವನ್ನು ಮಿಡಿಯುತ್ತಿರುವುದು ತಮಗೆ ಕೂಡಲೇ ಪರಿಚಿತವೆನಿಸೀತು.

ಹೆಸರಿಗೆ ಕಾರಣವಾದ ಹಾಡು ಮೂಲದಲ್ಲಿ ಒಂದು ಕ್ರೈಸ್ತ ಕೀರ್ತನೆ. 1907ರ ಸುಮಾರಿಗೆ ಏಡಾ ಹೇಬರ್‌ಷನ್ ಬರೆದು ಚಾರ್ಲ್ಸ್ ಗೇಬ್ರಿಯಲ್ ಮಟ್ಟು ಹಾಕಿದ್ದು. ಕಾರ್ಟರ್ ಕುಟುಂಬ 1935ರಲ್ಲಿ ಅದನ್ನು ತಾಯಿಯ ಶವಯಾತ್ರೆಯ ಹಾಡಾಗಿ ಮಾರ್ಪಡಿಸಿತು. ಈ ಧ್ವನಿಮುದ್ರಿಕೆಯಲ್ಲಿ ಮೇಬೆಲ್, ಜಿಮ್ಮಿ ಮಾರ್ಟಿನ್, ಅಕಫ್ ಒಂದೊಂದು ನುಡಿಯನ್ನು ಎತ್ತಿಕೊಳ್ಳುತ್ತಾರೆ. ಪಲ್ಲವಿಗೆ ಇಡೀ ಕೋಣೆ ಸೇರುತ್ತದೆ. ತಟ್ಟೆಗಳು ಹೊರಬರುವ ಮುನ್ನವೇ, ಬಾಸ್ ನುಡಿಸಿದ ಜೂನಿಯರ್ ಹಸ್ಕಿ ತೀರಿಕೊಂಡಿದ್ದರು.

ಅಕಫ್ ಅವರ ನುಡಿ ಬರುವಾಗ ನನಗೆ ಮಾತ್ರ ಡಿಫೋರ್ಡ್ ಬೇಲಿ ನೆನಪಾಗುತ್ತಾರೆ. ನ್ಯಾಶ್ವಿಲ್‌ನ ಡಬ್ಲ್ಯು. ಎಸ್. ಎಂ. ನಿಲಯದ ಶನಿವಾರ ರಾತ್ರಿಯ ಪ್ರಸಾರಕ್ಕೆ 1927ರ ಡಿಸೆಂಬರಿನಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ಬಿದ್ದದ್ದು, ಕರಿಯ ಜನಾಂಗದ ಈ ಮೌತ್ ಆರ್ಗನ್ ವಾದಕರು ನುಡಿಸಿದ ಬೆನ್ನಿಗೇ. 1938ರಲ್ಲಿ ಅಲ್ಲಿಗೆ ಹೊಸಬರಾಗಿ ಬಂದ ಅಕಫ್ ಊರೂರಿನ ಪ್ರದರ್ಶನಗಳಿಗೆ ಜನ ಸೇರಲೆಂದು ಬೇಲಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದರು. 1941ರಲ್ಲಿ ಹಾಡುಗಳ ಸ್ವಾಮ್ಯದ ಹಣದ ಬಗ್ಗೆ ರೇಡಿಯೋ ನಿಲಯಗಳಿಗೂ ಒಂದು ಸಂಘಕ್ಕೂ ಜಗಳ ಹತ್ತಿ, ಬೇಲಿಯ ಹೆಸರಾಂತ ಹಾಡುಗಳು ಪ್ರಸಾರಕ್ಕೆ ನಿಷಿದ್ಧವಾದವು. ಹೊಸದು ಕಲಿಯಲಿಲ್ಲವೆಂಬ ಕಾರಣ ಕೊಟ್ಟು ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ಅವರ ಜೀವನ ನಡೆದದ್ದು ಬೂಟು ಪಾಲಿಷಿನ ಅಂಗಡಿಯಿಂದ. 1971ರ ಆಗಸ್ಟಿನಲ್ಲಿ ಬಳಗ ಕೂಡಿ ಹಾಡುತ್ತಿದ್ದಾಗ ಅವರು ಅದೇ ನ್ಯಾಶ್ವಿಲ್‌ನಲ್ಲಿ ಇದ್ದರು. ತೀರಿಕೊಂಡದ್ದು 1982ರಲ್ಲಿ, ಹಳ್ಳಿಗಾಡಿನ ಸಂಗೀತದ ಗೌರವಮಂದಿರಕ್ಕೆ ಅವರ ಹೆಸರು ಸೇರಿದ್ದು 2005ರಲ್ಲಿ.

ಮೂರು ತಟ್ಟೆಗಳು ಮುಗಿದ ಮೇಲೆ ತಮಗೆ ಬಿಡುವಿದ್ದರೆ, 1927ರಲ್ಲಿ ಮುದ್ರಣವಾದ ಬೇಲಿಯವರ ‘ಪ್ಯಾನ್ ಅಮೇರಿಕನ್ ಬ್ಲೂಸ್’ ಅನ್ನೂ ಹಾಕಿ ಕೇಳಿ. ಮೂರೇ ನಿಮಿಷ. ಒಂದು ರೈಲು ದೂರದಿಂದ ಬಂದು, ಸಿಳ್ಳು ಹಾಕಿ, ಹಾದುಹೋಗುತ್ತದೆ; ಇರುವುದು ಒಬ್ಬರ ಉಸಿರು, ಒಂದು ಮೌತ್ ಆರ್ಗನ್ ಅಷ್ಟೆ.